ಮೂರನೆಯ ಅಧ್ಯಾಯದಲ್ಲಿ ನಿಂತವರು

ಜೇಮ್ಸ್ ಜಾಯ್ಸನ 'ಯೂಲಿಸಿಸ್' ಕಾದಂಬರಿಯ ಹದಿನಾಲ್ಕನೆಯ ಅಧ್ಯಾಯವನ್ನು ಕುರಿತು ಈ ವಾರ ಬರೆಯುವೆನೆಂದು ಮಾತುಕೊಟ್ಟಿದ್ದೆನಷ್ಟೆ. ಡಬ್ಲಿನ್ ನಗರದ ಪ್ರಸೂತಿಗೃಹದಲ್ಲಿ ಶಿಶುವೊಂದು ಹುಟ್ಟುವಷ್ಟರಲ್ಲಿ, ಇಂಗ್ಲಿಷ್ ಗದ್ಯವು ತನ್ನ ಪ್ರಾಚೀನ ರೂಪದಿಂದ ಮೊದಲ್ಗೊಂಡು ಶತಮಾನಕ್ಕೊಂದು ವೇಷವನ್ನು ತೊಟ್ಟು ಕಳಚುತ್ತ, ಕಟ್ಟಕಡೆಗೆ ಹೆಂಡದಂಗಡಿಗೆ ನುಗ್ಗುವ ತರುಣರ ಕೂಗಾಟದಲ್ಲಿ ಪರ್ಯವಸಾನ ಹೊಂದುವ ಅಧ್ಯಾಯ ಅದು. ನಮ್ಮವರಾರಾದರೂ ಒಂದು ರಾತ್ರಿಯ ವೃತ್ತಾಂತವನ್ನು ಹಲ್ಮಿಡಿ ಶಾಸನದ ನುಡಿಯಲ್ಲಿ ತೊಡಗಿ, 'ವಡ್ಡಾರಾಧನೆ'ಯ ನಡೆಯಲ್ಲಿ ಬೆಳೆಸಿ, ವಚನಕಾರರನ್ನೂ ಮುದ್ದಣನನ್ನೂ ಹಾಯ್ದುಬಂದು, ಮೆಜೆಸ್ಟಿಕ್ ಬಸ್ ನಿಲ್ದಾಣದ ಮಾತಿನಲ್ಲಿ ಮುಗಿಸಿದರೆ ಹೇಗಿದ್ದೀತೋ ಹಾಗೆ. ಆದರೆ ಅಚ್ಚಿಗೆ ಕೊಡುವ ವೇಳೆ ಸಮೀಪಿಸಿರುವಾಗ, ಈ ಅಂಕಣದ ವಾಚಕರಲ್ಲಿ ಹಲವರು ಬಹುಕಾಲದಿಂದ ಹೇಳುತ್ತಿರುವ ಮಾತು ನನ್ನನ್ನು ತಡೆದು ನಿಲ್ಲಿಸಿತು: ಹದಿನಾಲ್ಕರ ವೈಭವ ಹಾಗಿರಲಿ, ತಾವು ಮೂರರಲ್ಲಿಯೇ ನಿಂತುಬಿಟ್ಟಿರುವುದಾಗಿ ಅವರ ದೂರು.

ಈ ನಿಲುಗಡೆ ಎಲ್ಲರಿಗೂ ಪರಿಚಿತವೇ. ಸ್ಯಾಂಡಿಮೌಂಟ್ ಕಡಲತೀರದಲ್ಲಿ ಸ್ಟೀಫನ್ ಡೆಡಲಸ್ ಒಬ್ಬನೇ ನಡೆಯುತ್ತಾನೆ; ಅವನ ತಲೆಯೊಳಗೆ ಅರಿಸ್ಟಾಟಲನೂ ಸತ್ತ ತಾಯಿಯೂ ಪ್ಯಾರಿಸ್ಸಿನ ನೆನಪುಗಳೂ ಪರಸ್ಪರ ಅಪ್ಪಣೆ ಕೇಳದೆ ನುಗ್ಗಿ ಬರುತ್ತವೆ; ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂಬುದನ್ನು ತಿಳಿಸುವ ಸೌಜನ್ಯವನ್ನು ಗ್ರಂಥಕರ್ತನು ತೋರಿಸುವುದಿಲ್ಲ. ಇಲ್ಲಿ ಪುಸ್ತಕ ಮುಚ್ಚಿದವನು ಲಜ್ಜೆಪಡಬೇಕಾದ್ದೇನೂ ಇಲ್ಲ. ಮೊದಲು ಇದೊಂದು ಹುಚ್ಚು ಪುಸ್ತಕವೆಂದು ತಳ್ಳಿ, ತರುವಾಯ ಅದರಲ್ಲಿ ಪ್ರತಿಭೆಯನ್ನು ಕಂಡು ಕೊಂಡಾಡಿದ ಯೇಟ್ಸ್ ಕವಿಯು ಅದನ್ನು ಕಡೆಯವರೆಗೆ ಓದಲಿಲ್ಲ. ಕಡೆಯವರೆಗೆ ಓದಿದ ವರ್ಜೀನಿಯಾ ವುಲ್ಫ್ ಕೊಂಡಾಡಲಿಲ್ಲ. ಧಾರಾವಾಹಿಯಾಗಿ ಬಂದ ಭಾಗಗಳನ್ನು ಓದಿದ್ದ ಬರ್ನಾರ್ಡ್ ಷಾ, ಡಬ್ಲಿನ್ನಿನ ಹೊಲಸು ಅಲ್ಲಿ ಯಥಾರ್ಥವಾಗಿಯೇ ಬಂದಿದೆಯೆಂದು ಒಪ್ಪಿ, ೧೫೦ ಫ್ರಾಂಕು ತೆತ್ತು ಅದನ್ನು ಕೊಳ್ಳುವ ಮುದುಕ ತಾನಲ್ಲವೆಂದು ಪ್ರಕಾಶಕಿ ಸಿಲ್ವಿಯಾ ಬೀಚ್ ಅವರಿಗೆ ಬರೆದನು. ಮನಶ್ಶಾಸ್ತ್ರಜ್ಞನಾದ ಯೂಂಗ್ ೧೩೫ನೆಯ ಪುಟವನ್ನು ಮುಟ್ಟುವುದರೊಳಗೆ ಎರಡು ಬಾರಿ ನಿದ್ರೆಹೋದುದನ್ನು ತನ್ನ ೧೯೩೨ರ ಪ್ರಬಂಧದಲ್ಲಿ ನಿಸ್ಸಂಕೋಚವಾಗಿ ದಾಖಲಿಸಿರುವನು.

ಹೀಗೆ ನಿಂತವರಿಗೆ ಉಪದೇಶ ಮಾಡಲು ಒಂದು ಪಂಥವು ಸದಾ ಸಿದ್ಧವಾಗಿರುತ್ತದೆ. ಅದನ್ನು ನಾನು ಕೀಲಿಕೈ ಪಂಥವೆಂದು ಕರೆಯುವೆನು; ಅದರೊಡನೆ ನನ್ನ ವ್ಯಾಜ್ಯ ಹಳೆಯದು. ಮೊದಲು ಹೋಮರನನ್ನು ಓದಬೇಕು, ಆಮೇಲೆ ಸ್ಟೂವರ್ಟ್ ಗಿಲ್ಬರ್ಟನ ೧೯೩೦ರ ವ್ಯಾಖ್ಯಾನವನ್ನು ಅರಗಿಸಿಕೊಳ್ಳಬೇಕು, ಯಾವ ಅಧ್ಯಾಯಕ್ಕೆ ದೇಹದ ಯಾವ ಅವಯವ, ಯಾವ ವರ್ಣ, ಯಾವ ಕಲೆ ಎಂಬ ಕೋಷ್ಟಕವನ್ನು ಕಂಠಸ್ಥಮಾಡಬೇಕು, ಅನಂತರವೇ ಮೂಲಗ್ರಂಥದ ಹೊಸಿಲನ್ನು ಮುಟ್ಟತಕ್ಕದ್ದು ಎಂಬುದು ಈ ಪಂಥದ ವಿಧಿ. ಕೋಷ್ಟಕವನ್ನು ಮಿತ್ರರಿಗೆ ಒದಗಿಸಿದವನು ಜಾಯ್ಸನೇ ಎಂಬುದು ನಿಜ. ಆದರೆ ೧೯೨೨ರ ಫೆಬ್ರುವರಿ ೨ರಂದು ಪ್ಯಾರಿಸ್ಸಿನಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅಧ್ಯಾಯಗಳಿಗೆ ಹೋಮರನ ಹೆಸರುಗಳನ್ನು ಅವನು ಇರಿಸಲಿಲ್ಲವೆಂಬುದನ್ನು ಇವರು ಮರೆಯುತ್ತಾರೆ. ಇನ್ನೊಂದು ವಿಷಯವನ್ನಂತೂ ಅವರು ಹೇಳುವುದೇ ಇಲ್ಲ. ಗಿಲ್ಬರ್ಟನು ಬರೆದಾಗ 'ಯೂಲಿಸಿಸ್' ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ನಿಷಿದ್ಧವಾಗಿತ್ತು. ಅಮೆರಿಕೆಯಲ್ಲಿ ನ್ಯಾಯಾಧೀಶ ವೂಲ್ಸಿಯ ತೀರ್ಪು ಹೊರಬಂದುದು ೧೯೩೩ರ ಡಿಸೆಂಬರಿನಲ್ಲಿ. ಇಂಗ್ಲೆಂಡಿನಲ್ಲಿ ಅಚ್ಚಾದುದು ೧೯೩೬ರಲ್ಲಿ. ಮೂಲವು ಕೈಗೆ ಸಿಕ್ಕದ ವಾಚಕರಿಗೆ ಅದರ ರುಚಿಯನ್ನಾದರೂ ತೋರಿಸೋಣವೆಂದೇ ಗಿಲ್ಬರ್ಟನು ಉದ್ದುದ್ದವಾಗಿ ಭಾಗಗಳನ್ನು ಉದ್ಧರಿಸಿದನು. ಮೂಲದ ಅಭಾವದಲ್ಲಿ ಹುಟ್ಟಿದ ಗ್ರಂಥವನ್ನು ಮೂಲದ ಮುಂದೆ ದ್ವಾರಪಾಲಕನಾಗಿ ನಿಲ್ಲಿಸಿದುದು ಈ ಪಂಥದ ಸಾಧನೆ.

ನನ್ನ ಸಲಹೆ ಸರಳವಾದುದು: ಮೂರರಲ್ಲಿ ನಿಂತವರು ನಾಲ್ಕರಿಂದ ತೊಡಗಲಿ. ಇದು ಕಳ್ಳದಾರಿಯಲ್ಲ. ೧೯೦೪ರ ಜೂನ್ ೧೬ರ ಬೆಳಗಿನ ಎಂಟು ಗಂಟೆಗೆ ಮೊದಲನೆಯ ಅಧ್ಯಾಯ ಆರಂಭವಾಗುವಂತೆ ನಾಲ್ಕನೆಯದೂ ಅದೇ ಎಂಟು ಗಂಟೆಗೆ ಆರಂಭವಾಗುವುದರಿಂದ, ಪುಸ್ತಕವೇ ಇಲ್ಲಿ ಎರಡನೆಯ ಬಾಗಿಲನ್ನು ತೆರೆದಿಟ್ಟಿದೆ. ಎಕಲ್ಸ್ ಬೀದಿಯ ಏಳನೆಯ ನಂಬರಿನ ಮನೆಯಲ್ಲಿ ಲಿಯೊಪೋಲ್ಡ್ ಬ್ಲೂಮ್ ಎಂಬ ಜಾಹೀರಾತು ದಲ್ಲಾಳಿ ಬೆಕ್ಕಿಗೆ ಹಾಲೆರೆಯುತ್ತಾನೆ. ಅದರ ಕೂಗನ್ನು ಜಾಯ್ಸನು ಒಂದೊಂದು ಸಲವೂ ಬೇರೆ ಬೇರೆ ಅಕ್ಷರಗಳಲ್ಲಿ ಬರೆದಿರುವುದನ್ನು ಗಮನಿಸಬೇಕು. ಬ್ಲೂಮನು ಮಾಂಸದಂಗಡಿಗೆ ಹೋಗಿ ಮೂತ್ರಪಿಂಡವೊಂದನ್ನು ಕೊಂಡುತಂದು ಬಾಣಲೆಗೆ ಹಾಕುತ್ತಾನೆ. ಹಾಸಿಗೆಯಲ್ಲಿರುವ ಹೆಂಡತಿ ಮಾಲಿಗೆ ಚಹಾ ಒಯ್ಯುತ್ತಾನೆ. ಅವಳ ಪ್ರಿಯಕರನ ಕಾಗದವು ದಿಂಬಿನ ಕೆಳಗೆ ಇಣುಕುತ್ತಿರುವುದನ್ನು ಕಂಡೂ ಸುಮ್ಮನಿರುತ್ತಾನೆ. ಆಗ ಮಾಲಿ ತಾನು ಓದುತ್ತಿದ್ದ ಅಗ್ಗದ ಕಾದಂಬರಿಯನ್ನು ತೆರೆದು, ತನಗೆ ತಿಳಿಯದ ಒಂದು ಭಾರಿ ಪದದ ಮೇಲೆ ಕೂದಲುಪಿನ್ನನ್ನಿಟ್ಟು, ಇದೇನೆಂದು ಕೇಳುತ್ತಾಳೆ. ಅವನು ಗ್ರೀಕರ ಮಾತನ್ನೆತ್ತುತ್ತಾನೆ. ಅವಳು ಸುಲಭವಾಗಿ ಹೇಳೆಂದು ಗದರುತ್ತಾಳೆ. ಅವನು ಜನ್ಮಾಂತರದ ವಿಷಯವನ್ನು ವಿವರಿಸಲು ತೊಡಗುವಷ್ಟರಲ್ಲಿ ಕೆಳಗೆ ಬಾಣಲೆಯಲ್ಲಿ ಮಾಂಸ ಸೀಯುವ ವಾಸನೆ ಬರುತ್ತದೆ. ದುರ್ಬೋಧವಾದ ಈ ಗ್ರಂಥವನ್ನು ಹೇಗೆ ಓದಬೇಕೆಂಬುದನ್ನು ಗ್ರಂಥಕರ್ತನು ಇಲ್ಲಿಯೇ ತೋರಿಸಿಕೊಟ್ಟಿರುವನೆಂದು ನನ್ನ ದೃಢವಾದ ನಂಬಿಕೆ: ತಿಳಿಯದಲ್ಲಿ ಬೆರಳಿಟ್ಟು, ಬಳಿಯಲ್ಲಿದ್ದವರನ್ನು ಬಾಯಿಬಿಟ್ಟು ಕೇಳುವುದು, ಅರ್ಧ ತಿಳಿದರೆ ಅಷ್ಟಕ್ಕೇ ತೃಪ್ತಿಪಟ್ಟು, ಸೀಯುತ್ತಿರುವುದನ್ನು ಇಳಿಸಲು ಮುಂದೆ ಓಡುವುದು.

ಹೀಗೆ ಬಾಯಿಬಿಟ್ಟು ಓದುವಾಗ ಕಣ್ಣಿಗಿಂತ ಕಿವಿಯೇ ಪ್ರಧಾನ; ಜಾಯ್ಸನ 'ಫಿನೆಗನ್ಸ್ ವೇಕ್' ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹದಿನೇಳು ವರ್ಷ ಬರೆದು ೧೯೩೯ರಲ್ಲಿ ಪ್ರಕಟಿಸಿದ ಆ ೬೨೮ ಪುಟಗಳ ಕೃತಿಯನ್ನು ಕಂಡು, ಅವನನ್ನು ಹಣಕೊಟ್ಟು ಪೋಷಿಸುತ್ತಿದ್ದ ಹ್ಯಾರಿಯೆಟ್ ವೀವರ್ ಅವರೇ ರಚನೆಯ ಕಾಲದಲ್ಲಿ ಬೇಸರ ವ್ಯಕ್ತಪಡಿಸಿದ್ದರು. ಆದರೆ ಅದರ ಎಂಟನೆಯ ಅಧ್ಯಾಯವನ್ನು ಕೇಳಿ ನೋಡಿ. ಲಿಫಿ ನದಿಯ ಎರಡು ದಡಗಳಲ್ಲಿ ಇಬ್ಬರು ಅಗಸಗಿತ್ತಿಯರು ಬಟ್ಟೆ ಒಗೆಯುತ್ತ, ಆ ಬಟ್ಟೆಗಳ ಕಲೆಗಳಿಂದಲೇ ಊರವರ ಗುಟ್ಟನ್ನೆಲ್ಲ ಹಿಂಡಿ ಹೊರತೆಗೆಯುತ್ತಾರೆ. ನೂರಾರು ನದಿಗಳ ನಾಮಗಳು ಅವರ ಮಾತಿನಲ್ಲಿ ಕರಗಿ ಹರಿಯುತ್ತವೆ. ಸಂಜೆ ಕವಿದಂತೆ ನದಿ ಅಗಲವಾಗಿ, ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳದಾಗಿ, ಒಬ್ಬಳು ಮರವಾಗಿ ಮತ್ತೊಬ್ಬಳು ಕಲ್ಲಾಗಿ ಕತ್ತಲಲ್ಲಿ ನಿಂತುಬಿಡುತ್ತಾರೆ. ೧೯೨೯ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾಯ್ಸನು ತಾನೇ ಈ ಅಧ್ಯಾಯದ ಕೊನೆಯನ್ನು ಓದಿ ಧ್ವನಿಮುದ್ರಿಸಿದ್ದಾನೆ. ಪುಟದಲ್ಲಿ ಒಗಟಾದುದು ಅವನ ಕಂಠದಲ್ಲಿ ಹರಟೆಯಾಗುತ್ತದೆ. ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವ ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಾಡಿಗೆ ಇದನ್ನು ವಿಶೇಷವಾಗಿ ವಿವರಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯದ ವೆನಿಸ್ ಎಂಬಲ್ಲಿ ೧೯೯೫ರಲ್ಲಿ ಕೂಡಿದ ವಾಚಕವೃಂದವೊಂದು ತಿಂಗಳಿಗೆ ಒಂದೆರಡು ಪುಟದಂತೆ ಈ ಗ್ರಂಥವನ್ನು ಓದಿ ೨೦೨೩ರಲ್ಲಿ ಮುಗಿಸಿತು. ಕೊನೆಯ ವಾಕ್ಯವು ಅರ್ಧಕ್ಕೆ ನಿಂತು ಮೊದಲನೆಯ ವಾಕ್ಯದೊಡನೆ ಕೂಡಿಕೊಳ್ಳುವುದರಿಂದ, ಅವರೂ ಮತ್ತೆ ಮೊದಲಿನಿಂದ ಆರಂಭಿಸಿದರು.

ಸ್ಯಾಮ್ಯುಯೆಲ್ ಬೆಕೆಟ್ಟನ 'ಮೊಲಾಯ್' ಕಾದಂಬರಿ ಕೂಡ ಹೀಗೆಯೇ. ಹದಿನಾರು ಚೀಪುಗಲ್ಲುಗಳನ್ನು ನಾಲ್ಕು ಜೇಬುಗಳಲ್ಲಿ ಯಾವ ಕ್ರಮದಿಂದ ಇಟ್ಟರೆ ಪ್ರತಿಯೊಂದನ್ನೂ ಸರದಿಯಂತೆ ಚೀಪಬಹುದೆಂಬ ಲೆಕ್ಕಾಚಾರವನ್ನು ಕಣ್ಣಿನಿಂದ ಓದಿದವನು ಆಕಳಿಸುವನು, ಗಟ್ಟಿಯಾಗಿ ಓದಿದವನು ನಕ್ಕು ಸುಸ್ತಾಗುವನು. ಕಡೆಗೆ ಕೃತಿಯನ್ನು ಮುಗಿಸಲೇಬೇಕೆಂಬ ಹಠವೂ ಅನಗತ್ಯ. 'ಯೂಲಿಸಿಸ್' ಕಥೆ ನಡೆಯುವ ಆ ಜೂನ್ ೧೬ರ ಸುವರ್ಣೋತ್ಸವವೆಂದು ೧೯೫೪ರಲ್ಲಿ ಫ್ಲಾನ್ ಒಬ್ರಿಯನ್, ಪ್ಯಾಟ್ರಿಕ್ ಕ್ಯಾವನಾ ಮೊದಲಾದ ಲೇಖಕರು ಕುದುರೆಗಾಡಿ ಹೂಡಿಸಿಕೊಂಡು ಕಾದಂಬರಿಯ ಮಾರ್ಗವನ್ನೆಲ್ಲ ಸುತ್ತಿಬರಲು ಹೊರಟು, ನಡುದಾರಿಯ ಪಾನಗೃಹದಲ್ಲಿಯೇ ಯಾತ್ರೆಯನ್ನು ಮುಕ್ತಾಯಗೊಳಿಸಿದರು; ಇಂದು ಜಗತ್ತು ಆಚರಿಸುವ ಬ್ಲೂಮ್ಸ್‌ಡೇ ಉತ್ಸವವು ಆ ಅಪೂರ್ಣಯಾತ್ರೆಯ ಸಂತಾನವೇ.

ಜಾಯ್ಸನ ಜನ್ಮಶತಾಬ್ದಿಯಾದ ೧೯೮೨ರಲ್ಲಿ ಐರ್ಲೆಂಡಿನ ಆಕಾಶವಾಣಿಯು 'ಯೂಲಿಸಿಸ್' ಕಾದಂಬರಿಯನ್ನು ಒಂದಕ್ಷರ ಬಿಡದೆ ಪ್ರಸಾರ ಮಾಡಿದಾಗ ಹಿಡಿದ ಕಾಲ ಸುಮಾರು ೩೦ ಗಂಟೆ. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಕೋಷ್ಟಕವನ್ನು ಕಪಾಟಿನಲ್ಲಿಡಿ, ಇಬ್ಬರು ಮೂವರು ಒಂದೆಡೆ ಕೂಡಿ, ನಾಲ್ಕನೆಯ ಅಧ್ಯಾಯವನ್ನು ತೆರೆದು, ವಾರಕ್ಕೊಂದು ಗಂಟೆಯಂತೆ ಗಟ್ಟಿಯಾಗಿ ಓದಿರಿ. ಎಂಟು ತಿಂಗಳೊಳಗೆ ಪುಸ್ತಕ ಮುಗಿಯುತ್ತದೆ. ಮುಗಿಯದಿದ್ದರೆ ಯೇಟ್ಸನ ಸಾಲಿನಲ್ಲಿ ಸೇರಿದಿರೆಂದು ತಿಳಿಯಿರಿ.