ಅಶ್ವಹೃದಯವೂ ಭಗ್ನಹಸ್ತವೂ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಮೂಲವನ್ನು ಓದದವರೂ ಚೌಂಡರಸನ ಚಂಪುವಿನಿಂದಲೋ ಕನಕದಾಸರ ಷಟ್ಪದಿಯಿಂದಲೋ ಆ ಕಥೆಯನ್ನು ಬಲ್ಲರು. ರಾಜ್ಯವನ್ನು ಜೂಜಿನಲ್ಲಿ ನೀಗಿ, ಪತ್ನಿಯನ್ನು ಕಾಡಿನಲ್ಲಿ ತೊರೆದು, ಕಾರ್ಕೋಟಕನ ಕಡಿತದಿಂದ ವಿರೂಪನಾದ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಊಳಿಗಕ್ಕೆ ನಿಲ್ಲುತ್ತಾನೆ. ಆ ಬಾಹುಕನ ತೋಳುಗಳು ಗಿಡ್ಡವಾದುವೆಂದು ವ್ಯಾಸರು ಹೇಳಿರುವುದು ಗಮನಾರ್ಹ. ರಥವನ್ನು ನಡೆಸುವವನಿಗೆ ತೋಳೇ ಬಂಡವಾಳ. ಕೇಡು ಅಲ್ಲಿಯೇ ತಗುಲಿತು. ರೂಪ ಹೋಯಿತು, ಪದವಿ ಹೋಯಿತು. ಕುದುರೆಯ ಮನಸ್ಸನ್ನು ಅರಿಯುವ ವಿದ್ಯೆ, ಎಂದರೆ ಅಶ್ವಹೃದಯ, ಒಂದು ಮಾತ್ರ ಉಳಿಯಿತು. ಆ ಒಂದರಿಂದಲೇ ಅವನು ಕಳೆದುಕೊಂಡುದೆಲ್ಲವನ್ನೂ ಮರಳಿ ಪಡೆದನು. ಕಡೆಯಲ್ಲಿ ಸರ್ಪರಾಜನು ಕೊಟ್ಟ ವಸ್ತ್ರವನ್ನು ಹೊದೆಯಲು ಪೂರ್ವದ ರೂಪವೂ ಬಂದಿತು.

ಆದರೆ ಹೊದೆಯಲು ಅಂತಹ ವಸ್ತ್ರವಿಲ್ಲದವನ ಗತಿಯೇನು? ಮುರಿದ ಅಂಗವು ಎಂದಿಗೂ ಮರಳಿ ಬಾರದೆಂದು ತಿಳಿದ ಮೇಲೆ, ಆ ಅಂಗದಿಂದಲೇ ನಡೆಯುತ್ತಿದ್ದ ಉದ್ಯೋಗವೂ ಆ ಉದ್ಯೋಗದಿಂದಲೇ ತೃಪ್ತವಾಗುತ್ತಿದ್ದ ಒಲವೂ ಏನಾಗಬೇಕು? ಇಂಗ್ಲಿಷ್ ಕಾದಂಬರಿಕಾರ ಡಿಕ್ ಫ್ರಾನ್ಸಿಸನು 1965ರಲ್ಲಿ ಬರೆದ ‘ಆಡ್ಸ್ ಅಗೇನ್ಸ್ಟ್’, 1979ರಲ್ಲಿ ಬರೆದ ‘ವಿಪ್ ಹ್ಯಾಂಡ್’ ಎಂಬ ಎರಡು ಕೃತಿಗಳ ತಿರುಳು ಈ ಪ್ರಶ್ನೆಯೇ. ಇವನ್ನು ಪತ್ತೇದಾರಿ ಕಾದಂಬರಿಗಳೆಂದು ಕರೆದು, ರೈಲಿನ ಪ್ರಯಾಣದಲ್ಲಿ ಓದಿ ಬಿಸುಡತಕ್ಕವೆಂದು ಎಣಿಸುವವರು ಅನೇಕರಿದ್ದಾರೆ. ಆ ಎಣಿಕೆ ಪೂರ್ತಿಯಾಗಿ ತಪ್ಪಲ್ಲವಾದರೂ ಪೂರ್ತಿಯಾಗಿ ಸರಿಯೂ ಅಲ್ಲ.

ಗ್ರಂಥಕರ್ತನ ಜೀವನವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಅವಶ್ಯ. 1920ರಲ್ಲಿ ವೇಲ್ಸ್ ಸೀಮೆಯಲ್ಲಿ ಹುಟ್ಟಿದ ಫ್ರಾನ್ಸಿಸನು ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದ ಸೇವೆಯನ್ನು ಮುಗಿಸಿಕೊಂಡು, ಬೇಲಿ ಹಳ್ಳಗಳನ್ನು ಹಾರಿ ಓಡುವ ಸ್ಟೀಪಲ್‌ಚೇಸ್ ಪಂದ್ಯಗಳಲ್ಲಿ ಜಾಕಿಯಾದನು. ಸುಮಾರು 350 ಪಂದ್ಯಗಳನ್ನು ಗೆದ್ದು, 1953-54ರ ಋತುವಿನಲ್ಲಿ ಅಗ್ರಗಣ್ಯನೆನಿಸಿದನು. ಈ ವೃತ್ತಿಯಲ್ಲಿ ಬೀಳುವುದು ಅಪಘಾತವಲ್ಲ, ದಿನಚರಿ. ಅವನ ಕೊರಳೆಲುಬು ಅನೇಕ ಬಾರಿ ಮುರಿದಿತ್ತು. 1956ರ ಮಾರ್ಚಿಯಲ್ಲಿ ಗ್ರಾಂಡ್ ನ್ಯಾಷನಲ್ ಪಂದ್ಯದಲ್ಲಿ ರಾಜಮಾತೆಯ ಕುದುರೆಯಾದ ಡೆವನ್ ಲಾಕನ್ನು ಏರಿ, ಎಲ್ಲ ಬೇಲಿಗಳನ್ನೂ ದಾಟಿ, ಎಲ್ಲರಿಗಿಂತಲೂ ಮುಂದಿದ್ದಾಗ, ಗೆಲುವಿನ ಕಂಬಕ್ಕೆ ಸುಮಾರು 50 ಗಜಗಳಷ್ಟೇ ಉಳಿದಿರಲು ಆ ಕುದುರೆಯು ಬಯಲಿನಲ್ಲಿಯೇ ಕಾಲು ಚಾಚಿ ಕುಸಿಯಿತು. ಅದರ ಕಾರಣವು ಇಂದಿಗೂ ನಿರ್ಣಯವಾಗಿಲ್ಲ. ಮರುವರ್ಷ ಮತ್ತೊಮ್ಮೆ ಬಲವಾಗಿ ಪೆಟ್ಟು ತಿಂದು, ಹಿತೈಷಿಗಳ ಸಲಹೆಯಂತೆ ಅವನು ಸವಾರಿಯ ವೃತ್ತಿಯಿಂದ ನಿವೃತ್ತನಾದನು. ಬಳಿಕ ಆತ್ಮಕಥೆಯನ್ನು ಬರೆದನು. 16 ವರ್ಷಗಳ ಕಾಲ ವಾರಪತ್ರಿಕೆಯೊಂದಕ್ಕೆ ಪಂದ್ಯಗಳ ವರದಿಗಾರನಾಗಿದ್ದನು. 1962ರಿಂದ ಕಾದಂಬರಿಗಳನ್ನು ರಚಿಸತೊಡಗಿ, 2010ರಲ್ಲಿ ತೀರಿಕೊಳ್ಳುವುದರೊಳಗೆ 40ಕ್ಕೂ ಹೆಚ್ಚು ಕೃತಿಗಳಿಗೆ ಕರ್ತನಾದನು. ಜೀನನ್ನು ಇಳಿದವನು ಲೇಖನಿಯನ್ನು ಹಿಡಿದನು. ಆದರೆ ಬರೆದುದು ಬಹುಮಟ್ಟಿಗೆ ಕುದುರೆಗಳ ಲೋಕವನ್ನೇ.

ಜಾಕಿಯ ಬಾಳಿನಲ್ಲಿ ಒಂದು ವಿಶೇಷವುಂಟು. ಉಳಿದವರಿಗೆ ಉದ್ಯೋಗವೊಂದು, ದೇಹಪಾಲನೆಯೊಂದು, ಮನಸ್ಸಿನ ಒಲವು ಮತ್ತೊಂದು. ಗುಮಾಸ್ತನು ಕಚೇರಿಯಲ್ಲಿ ದುಡಿದು, ಬೆಳಗ್ಗೆ ನಡೆದಾಡಿ, ಸಂಜೆ ವೀಣೆಯನ್ನು ನುಡಿಸಬಹುದು. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುವುದು. ಜಾಕಿಗಾದರೋ ಮೂರೂ ಒಂದೇ ಹುರಿಯ ಎಳೆಗಳು. ಕುದುರೆಯೇ ಅವನ ಅನ್ನ, ಕುದುರೆಗಾಗಿಯೇ ಅವನ ಮಿತಾಹಾರ ವ್ಯಾಯಾಮಗಳು, ಕುದುರೆಯೇ ಅವನ ಪ್ರೀತಿ. ಬಿದ್ದ ದಿನ ಆ ಹುರಿಯು ಒಮ್ಮೆಗೇ ಬಿಚ್ಚಿಹೋಗುತ್ತದೆ. ಬಿಚ್ಚಿದ ಎಳೆಗಳನ್ನು ಬೇರೊಂದು ಕ್ರಮದಲ್ಲಿ ಹೊಸೆಯುವುದು ಹೇಗೆಂಬುದೇ ಈ ಎರಡು ಕಾದಂಬರಿಗಳ ವಸ್ತು. ಪತ್ತೇದಾರಿಯ ಕಥೆ ಅದಕ್ಕೆ ಹೊದಿಕೆ.

ನಾಯಕನಾದ ಸಿಡ್ ಹ್ಯಾಲಿಯು ಒಂದು ಕಾಲಕ್ಕೆ ಜಾಕಿಗಳಲ್ಲಿ ಅಗ್ರಗಣ್ಯ. ಪಂದ್ಯದಲ್ಲಿ ಬಿದ್ದಾಗ ಇನ್ನೊಂದು ಕುದುರೆಯ ಲಾಳಕ್ಕೆ ಸಿಕ್ಕಿ ಅವನ ಎಡಗೈ ಊನವಾಯಿತು. ಸವಾರನು ಕುದುರೆಯ ಬಾಯಿಯೊಡನೆ ಮಾತಾಡುವುದು ಲಗಾಮನ್ನು ಹಿಡಿದ ಬೆರಳುಗಳಿಂದ. ಆ ನಾಲಗೆಯೇ ಅವನಿಗೆ ಹೋಯಿತೆನ್ನಬಹುದು. ಪತ್ತೇದಾರರ ಸಂಸ್ಥೆಯೊಂದರಲ್ಲಿ ಹೆಸರಿಗೊಂದು ಕೆಲಸ ದೊರೆಯಿತಾದರೂ, ಎರಡು ವರ್ಷ ಅವನು ಅಲ್ಲಿ ಇದ್ದೂ ಇಲ್ಲದವನಂತೆ ಕಾಲವನ್ನು ಕಳೆದನು. ಕಥೆಯ ಆರಂಭದಲ್ಲಿ ಕಳ್ಳನೊಬ್ಬನ ಗುಂಡು ಅವನ ಹೊಟ್ಟೆಯನ್ನು ಹೊಕ್ಕುತ್ತದೆ. ವಿಚಿತ್ರವೆಂದರೆ, ಈ ಹೊಸ ಗಾಯದಿಂದಲೇ ಹಳೆಯ ಜಡತೆ ಬಿಡಲಾರಂಭಿಸುತ್ತದೆ. ಗುಣವಾಗುತ್ತಿರುವ ದೇಹದ ನಿಧಾನವನ್ನು ಗ್ರಂಥಕರ್ತನು ಎಲ್ಲಿಯೂ ಮರೆಯುವುದಿಲ್ಲ. ನಾಯಕನು ಬೇಗ ದಣಿಯುತ್ತಾನೆ, ಬೆವರುತ್ತಾನೆ, ನಾಳೆ ಮಾಡಬೇಕಾದುದನ್ನು ಇಂದು ಮಾಡಹೋಗಿ ಸೋಲುತ್ತಾನೆ. ಸಾಮಾನ್ಯ ಕಥೆಗಾರರ ನಾಯಕರು ಒಂದು ಅಧ್ಯಾಯದಲ್ಲಿ ಗುಂಡೇಟು ತಿಂದು ಮುಂದಿನ ಅಧ್ಯಾಯದಲ್ಲಿ ಗೋಡೆಯನ್ನು ಹಾರುವುದನ್ನು ಕಂಡವರಿಗೆ ಈ ಸಂಯಮದ ಬೆಲೆ ತಿಳಿಯದಿರದು.

ಹೊಟ್ಟೆಯ ಗಾಯಕ್ಕಿಂತ ಆಳವಾದುದು ನಾಚಿಕೆಯ ಗಾಯ. ಸಿಡ್ಡನು ತನ್ನ ಕೆಟ್ಟ ಕೈಯನ್ನು ಸದಾ ಜೇಬಿನಲ್ಲಿ ಅಡಗಿಸಿಕೊಂಡಿರುವನು. ಅವನ ಮಾವನಾದ ಚಾರ್ಲ್ಸ್ ರೋಲೆಂಡನು ಅತಿಥಿಗಳೆದುರಿನಲ್ಲಿ ಬೇಕೆಂದೇ ಅವನನ್ನು ಹೀಯಾಳಿಸಿ, ಸತ್ತಂತಿದ್ದ ಅಭಿಮಾನವನ್ನು ಕೆರಳಿಸುವನು. ಕಠೋರವಾದರೂ ಅದು ಹಿರಿಯನ ಚಿಕಿತ್ಸೆ. ಆದರೆ ನಿಜವಾದ ಔಷಧ ಬರುವುದು ಬೇರೊಂದು ಕಡೆಯಿಂದ. ಒಂದು ಕಚೇರಿಯಲ್ಲಿ ಝಾನಾ ಮಾರ್ಟಿನ್ ಎಂಬ ಹೆಂಗಸು ಕೆಲಸದಲ್ಲಿದ್ದಾಳೆ. ಬಾಣಬಿರುಸಿನ ಬೆಂಕಿಯಿಂದ ಅವಳ ಮುಖದ ಒಂದು ಪಾರ್ಶ್ವ ವಿಕಾರವಾಗಿದೆ. ಬಂದವರು ನೋಡಬಾರದೆಂದು ಅವಳು ಮೇಜನ್ನು ಬಾಗಿಲಿಗೆ ಬೆನ್ನಾಗುವಂತೆ ಇಟ್ಟುಕೊಂಡಿರುವಳು. ಇವನು ಜೇಬಿನಿಂದ ಕೈಯನ್ನು ಹೊರಗೆ ತೆಗೆಯುವುದು, ಅವಳು ಮೇಜನ್ನು ತಿರುಗಿಸುವುದು, ಹೀಗೆಂದು ಇಬ್ಬರಲ್ಲಿಯೂ ಒಂದು ಒಪ್ಪಂದವಾಗುತ್ತದೆ. ಪ್ರಣಯವಿಲ್ಲ, ಉಪದೇಶವಿಲ್ಲ, ಕಣ್ಣೀರಿನ ಪ್ರವಾಹವಿಲ್ಲ. ಒಂದು ಮೇಜಿನ ಸ್ಥಾನಪಲ್ಲಟದಿಂದ ಕರುಣವು ಧ್ವನಿತವಾಗುತ್ತದೆ. ವಾಚ್ಯಕ್ಕಿಂತ ವ್ಯಂಗ್ಯವು ಮೇಲೆಂದು ಆಲಂಕಾರಿಕರು ಹೇಳಿದುದಕ್ಕೆ ಇಂತಹ ಕೃತಿಯಲ್ಲಿಯೂ ನಿದರ್ಶನವು ದೊರೆಯುವುದು ಸಂತೋಷದ ಸಂಗತಿ. ಕೊನೆಯಲ್ಲಿ ಖಳನು ಆ ಕೈಯನ್ನೇ ಮತ್ತೆ ಜಜ್ಜುವುದರಿಂದ ಅದನ್ನು ಕತ್ತರಿಸಬೇಕಾಗುತ್ತದೆ. ಕೈ ಹೋಯಿತು, ಮನುಷ್ಯನು ಎದ್ದು ನಿಂತನು.

‘ವಿಪ್ ಹ್ಯಾಂಡ್’ ಎಂಬ ಹೆಸರಿನಲ್ಲಿ ಶ್ಲೇಷೆಯಿದೆ. ಚಾಬುಕನ್ನು ಹಿಡಿಯುವ ಕೈ ಎಂಬುದು ಒಂದು ಅರ್ಥ. ಕನ್ನಡದಲ್ಲಿ ‘ಮೇಲುಗೈ’ ಎನ್ನುವೆವಲ್ಲ, ಅದು ಇನ್ನೊಂದು. ಈಗ ಸಿಡ್ಡನಿಗೆ ವಿದ್ಯುತ್ತಿನ ಕೃತಕ ಹಸ್ತವಿದೆ. ಮುಂದೋಳಿನ ಸ್ನಾಯುಗಳ ಸೂಕ್ಷ್ಮ ಸಂಕೇತದಿಂದ ಅದು ತೆರೆದು ಮುಚ್ಚುವುದು. ಅದರ ಬ್ಯಾಟರಿಯನ್ನು ತಪ್ಪದೆ ತುಂಬಿಸುತ್ತಿರಬೇಕು. ಈ ನಿತ್ಯಕರ್ಮವನ್ನು ಗ್ರಂಥಕರ್ತನು ಪೂಜೆಯ ಪಾತ್ರೆಯನ್ನು ತೊಳೆಯುವವರಷ್ಟೇ ಸಹಜವಾಗಿ ವರ್ಣಿಸಿದ್ದಾನೆ. ಕಥೆಯು ಕನಸಿನಿಂದ ಆರಂಭವಾಗುತ್ತದೆ. ಕನಸಿನಲ್ಲಿ ನಾಯಕನು ಪಂದ್ಯದಲ್ಲಿ ಓಡುತ್ತಿರುವನು. ಎಚ್ಚರವಾದಾಗ ಆ ಕೈ ಇಲ್ಲ. ನಳನು ಬಾಹುಕನಾಗಿಯೂ ಋತುಪರ್ಣನನ್ನು ಒಂದೇ ಹಗಲಿನಲ್ಲಿ ವಿದರ್ಭಕ್ಕೆ ಒಯ್ದು ಮುಟ್ಟಿಸಿದನು. ಈತನಿಗೆ ಅಂತಹ ಓಟ ಕನಸಿನಲ್ಲಿ ಮಾತ್ರ. ಆದರೂ ಇಬ್ಬರಿಗೂ ಸಮಾನವಾದುದೊಂದುಂಟು. ಕೃಶವಾಗಿ ತೋರುತ್ತಿದ್ದ ಸಿಂಧುದೇಶದ ಕುದುರೆಗಳ ಸುಳಿಗಳನ್ನು ಕಂಡು ಅವುಗಳ ಸತ್ತ್ವವನ್ನು ಬಾಹುಕನು ಅರಿತಂತೆ, ಏರಲಾರದ ಕುದುರೆಗಳನ್ನು ಅರಿಯುವ ಕಣ್ಣು ಸಿಡ್ಡನಿಗೆ ಉಳಿದಿದೆ. ಒಲವು ಈಗ ಸವಾರಿಯಾಗಿಲ್ಲ, ಕಾವಲಾಗಿದೆ. ಹಂದಿಗಳ ರೋಗಾಣುವೊಂದನ್ನು ಕುದುರೆಗಳಿಗೆ ಅಂಟುವಂತೆ ಮಾರ್ಪಡಿಸಿ, ಉತ್ತಮ ತುರಗಗಳ ಹೃದಯದ ಕವಾಟಗಳನ್ನೇ ಕೆಡಿಸುವ ಕಪಟವನ್ನು ಅವನು ಭೇದಿಸುತ್ತಾನೆ. ನಳನಲ್ಲಿ ವಿದ್ಯೆಯಾಗಿದ್ದ ಅಶ್ವಹೃದಯವು ಇಲ್ಲಿ ಅಕ್ಷರಶಃ ಕುದುರೆಯ ಹೃದಯವೇ ಆಗಿ ರಕ್ಷಣೆಯನ್ನು ಬೇಡುತ್ತದೆ.

ಇಲ್ಲಿ ರಸವಿಚಾರದಲ್ಲಿ ಒಂದು ತೊಡಕುಂಟು. ಖಳನಾದ ಟ್ರೆವರ್ ಡೀನ್ಸ್‌ಗೇಟನು ಸಿಡ್ಡನನ್ನು ಹಿಡಿದು, ಉಳಿದಿರುವ ಬಲಗೈಗೆ ಕೋವಿಯನ್ನು ಗುರಿಮಾಡಿ, ಶೋಧನೆಯನ್ನು ಬಿಡದಿದ್ದರೆ ಅದನ್ನೂ ಕಳೆಯುವೆನೆಂದು ಬೆದರಿಸುವನು. ನಾಯಕನು ಹೆದರುತ್ತಾನೆ. ಹೆದರಿ ಪ್ಯಾರಿಸ್ ನಗರಕ್ಕೆ ಓಡಿಹೋಗುತ್ತಾನೆ. ಅವನನ್ನು ನಂಬಿದವರ ಕುದುರೆಯು ಪಂದ್ಯದಲ್ಲಿ ಸೋಲುತ್ತದೆ. ವೀರಕ್ಕೆ ಸ್ಥಾಯಿ ಉತ್ಸಾಹ, ಭಯಾನಕಕ್ಕೆ ಸ್ಥಾಯಿ ಭಯ. ಒಂದೇ ಆಶ್ರಯದಲ್ಲಿ ಎರಡೂ ನಿಲ್ಲಲಾರವು. ಆದುದರಿಂದ ಭಯವನ್ನು ಪ್ರತಿನಾಯಕನಲ್ಲಿ ಇಡತಕ್ಕದ್ದೆಂಬುದು ಧ್ವನ್ಯಾಲೋಕದ ಮೂರನೆಯ ಉದ್ಯೋತದ ವಿಧಿ. ಹಾಗಾದರೆ ಇದು ರಸದೋಷವಲ್ಲವೆ?

ದೋಷವೆಂದು ತೀರ್ಮಾನಿಸುವುದು ಸುಲಭ. ಆದರೆ ಆನಂದವರ್ಧನನ ವಿಧಿಯ ಉದ್ದೇಶವು ಪ್ರಧಾನರಸಕ್ಕೆ ಪುಷ್ಟಿಯನ್ನು ಕೊಡುವುದೇ ಹೊರತು ಭಯಕ್ಕೆ ಬಹಿಷ್ಕಾರವನ್ನು ಹಾಕುವುದಲ್ಲ. ಎರಡೂ ಕೈಗಳಿರುವ ವೀರನಿಗೆ ಒಂದನ್ನು ಕಳೆಯುವೆನೆಂದರೆ ಅದು ಬರಿಯ ಮಾತು. ಒಂದನ್ನು ಕಳೆದುಕೊಂಡು, ಅನ್ನವನ್ನು ಕಲಸುವುದು ಗುಂಡಿಯನ್ನು ಹಾಕುವುದು ಮೊದಲಾದುವನ್ನು ಹೊಸದಾಗಿ ಕಲಿತವನಿಗೆ ಅದು ಅನುಭವ. ಅಂತಹವನು ಹೆದರದಿದ್ದರೆ ವೀರನಾಗುವುದಿಲ್ಲ, ಮರದ ಬೊಂಬೆಯಾಗುತ್ತಾನೆ. ಓಡಿಹೋದವನು ಪರದೇಶದ ಕೋಣೆಯಲ್ಲಿ ಕುಳಿತು ಕಂಡುಕೊಳ್ಳುವ ಸತ್ಯವೇನೆಂದರೆ, ಕೈಯಿಲ್ಲದೆ ಬಾಳಬಹುದು, ತನ್ನ ಮುಖವನ್ನು ತಾನೇ ನೋಡಲಾರದೆ ಬಾಳಲಾಗದು. ಅವನು ಹಿಂದಿರುಗುತ್ತಾನೆ, ಭಯವು ಹೋಗಿರುವುದರಿಂದಲ್ಲ, ಭಯವನ್ನು ಜೊತೆಯಲ್ಲಿಟ್ಟುಕೊಂಡೇ. ಹೀಗೆ ಭಯವು ಸ್ಥಾಯಿಯ ಪದವಿಯನ್ನೇರದೆ ಉತ್ಸಾಹಕ್ಕೆ ಅಂಗವಾಗಿ ನಿಲ್ಲುವುದರಿಂದ ವಿರೋಧವು ಪರಿಹಾರವಾಗುತ್ತದೆ. ಅಂತ್ಯದಲ್ಲಿ ಖಳನು ಕೋವಿಯೊಡನೆ ಮನೆಗೇ ಬಂದು, ಗುಂಡು ಹಾರಿಸಲಾರದೆ ಹಿಂದಿರುಗುವ ಸನ್ನಿವೇಶದಲ್ಲಿ ಮೇಲುಗೈ ಯಾರದೆಂಬುದು ಸಹೃದಯರಿಗೆ ಸ್ಪಷ್ಟವಾಗುವುದು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಮೊದಲನೆಯದು ಹಿಂಸೆಯ ಅತಿರೇಕ. ‘ವಿಪ್ ಹ್ಯಾಂಡ್’ನಲ್ಲಿ ನಾಯಕನನ್ನೂ ಅವನ ಜೊತೆಗಾರ ಚಿಕೋವನ್ನೂ ಸರಪಳಿಗಳಿಂದ ಹೊಡೆಸುವ ಭಾಗವು ಬೀಭತ್ಸದ ಎಲ್ಲೆಯನ್ನು ಮುಟ್ಟುತ್ತದೆ. ಕೈಯ ಭಯದಿಂದ ಸಾಧಿತವಾದುದನ್ನು ಬೆನ್ನಿನ ನೋವಿನಿಂದ ಪುನಃ ಸಾಧಿಸಹೋಗುವುದು ಕ್ಷೇಮೇಂದ್ರನು ಹೇಳುವ ಔಚಿತ್ಯಕ್ಕೆ ಒಪ್ಪುವುದಿಲ್ಲ. ಎರಡನೆಯದು ಖಳಚಿತ್ರಣ. ಕುದುರೆಗಳ ಸ್ವಭಾವಭೇದವನ್ನು ಅಷ್ಟು ಸೂಕ್ಷ್ಮವಾಗಿ ಅರಿತ ಲೇಖಕನು ದುಷ್ಟರನ್ನು ಮಾತ್ರ ಒಂದೇ ಎರಕದಲ್ಲಿ ಹೊಯ್ದಿರುವನು. ಟ್ರೆವರನೊಬ್ಬನೇ ಇದಕ್ಕೆ ಅಪವಾದ. ಮೂರನೆಯದು, ತೊರೆದುಹೋದ ಪತ್ನಿಯಾದ ಜೆನ್ನಿಯ ಪಾತ್ರ. ಗಂಡನ ಒಲವೆಲ್ಲವೂ ಕುದುರೆಗಳ ಪಾಲಾದ ಮನೆಯಲ್ಲಿ ಹೆಂಡತಿಯು ಪಟ್ಟ ಪಾಡು ಸಣ್ಣದಲ್ಲ. ಆ ಪಕ್ಷವನ್ನು ಲೇಖಕನು ಸೂಚಿಸಿದ್ದಾನೆಯೇ ಹೊರತು ಬೆಳೆಸಿಲ್ಲ. ದಮಯಂತಿಯ ಕಣ್ಣಿನಿಂದಲೂ ಕಥೆಯನ್ನು ನೋಡಬಲ್ಲ ವ್ಯಾಸದೃಷ್ಟಿ ಇಲ್ಲಿ ಇಲ್ಲ.

ಇಷ್ಟಾದರೂ ಈ ಕೃತಿಗಳು ಉಳಿಯತಕ್ಕವು. ಗಾಯಗೊಂಡವನಿಗೆ ಲೋಕವು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುವುದು. ‘ಎಲ್ಲವೂ ಮೊದಲಿನಂತೆ ಆಗುವುದು’ ಎಂಬುದು ಒಂದು. ‘ಇನ್ನು ಅದನ್ನು ಮರೆತುಬಿಡು’ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು, ಎರಡನೆಯದು ಕ್ರೂರ. ಫ್ರಾನ್ಸಿಸನು ಇವೆರಡರ ನಡುವೆ ಒಂದು ಕಾಲುದಾರಿಯನ್ನು ತೋರಿದ್ದಾನೆ. ದೇಹವನ್ನು ಅದರ ಕಾಲಕ್ಕೆ ತಕ್ಕಂತೆ ಪಳಗಿಸುವುದು, ಕೈಗೆ ದೊರೆತ ಕೆಲಸವನ್ನು ಕೀಳೆಂದು ಎಣಿಸದಿರುವುದು, ಒಲವನ್ನು ಕೊಲ್ಲದೆ ಅದಕ್ಕೆ ಬೇರೊಂದು ರೂಪವನ್ನು ಕೊಡುವುದು, ಇಷ್ಟೇ ಆ ದಾರಿ. ಕಾರ್ಕೋಟಕನ ವಸ್ತ್ರವು ಎಲ್ಲರಿಗೂ ದೊರೆಯದು. ದೊರೆಯದವರು ಜೇಬಿನಿಂದ ಕೈಯನ್ನು ಹೊರಗೆ ತೆಗೆದು ಬಾಳಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಯುವಕನಾಗಲಿ, ವೃತ್ತಿಯನ್ನು ನೀಗಿದ ಹಿರಿಯನಾಗಲಿ ಇದ್ದರೆ, ಈ ಎರಡು ಪುಸ್ತಕಗಳನ್ನು ಅವರ ತಲೆದಿಂಬಿನ ಬಳಿ ಇಡಬಹುದು. ಕುದುರೆಯನ್ನು ಎಂದೂ ಏರದವರಿಗೂ ಅವು ಸಲ್ಲುತ್ತವೆ.