ಸೇರಿದ ಬೆಲ್ಲುಗಳು, ಕಳೆಯದ ಪಿರಿಯಡ್ಡುಗಳು

ನಮ್ಮ ಸರ್ಕಾರಿ ಶಾಲೆಗಳ ವೇಳಾಪಟ್ಟಿಯನ್ನು ಅರಿಯಬೇಕಾದರೆ ಮೊದಲ ಪಿರಿಯಡ್ಡಿನಿಂದಲ್ಲ, ಅದಕ್ಕೂ ಮುಂಚಿನ ಅರ್ಧ ಗಂಟೆಯಿಂದ ಶುರುಮಾಡಬೇಕು. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಪತ್ರಿಕೆಯ ತಲೆಬರಹ, ದಿನದ ಚಿಂತನ, ಪಂಚಾಂಗ, ಒಂದೆರಡು ಸಾಮಾನ್ಯ ಜ್ಞಾನದ ಪ್ರಶ್ನೆ. 2022ರ ಕೊನೆಯಲ್ಲಿ ದಿನಾ ಹತ್ತು ನಿಮಿಷ ಧ್ಯಾನ ಮಾಡಿಸಬೇಕೆಂಬ ಮಾತೂ ಬಂದಿತ್ತು. ಇಷ್ಟು ಮುಗಿದರೆ ಹಾಲು. ಈಚೆಗೆ ವಾರದಲ್ಲಿ ಕೆಲವು ದಿನ ಹಾಲಿನ ಜೊತೆ ರಾಗಿ ಮಾಲ್ಟ್. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಶಾಲೆಯ ದಿನದಲ್ಲಿ ಇಷ್ಟು ಕರಾರುವಾಕ್ಕಾಗಿ ಅಳೆದಿಟ್ಟ ಇನ್ನೊಂದು ಅವಧಿ ನನಗೆ ಕಾಣುವುದಿಲ್ಲ.

ಇವುಗಳಲ್ಲಿ ಯಾವುದನ್ನೂ ಕೆಟ್ಟದ್ದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಮಕ್ಕಳ ಕಲಿಕೆಗೆ, ಆರೋಗ್ಯಕ್ಕೆ, ನೆಮ್ಮದಿಗೆ ಎಂದು ನಾವು ಶಾಲೆಯ ದಿನಕ್ಕೆ ಮಾಡಿದ ಸುಧಾರಣೆ ಹೆಚ್ಚಾಗಿ ಒಂದೇ ಬಗೆಯದು: ಹೊಸದೊಂದು ಬೆಲ್ ಸೇರಿಸುವುದು. ಹಾಲಿನ ಬೆಲ್, ಊಟದ ಬೆಲ್, ನೀರಿನ ಬೆಲ್. ಸೇರಿಸಿದ್ದಕ್ಕೆ ಜಾಗ ಮಾಡಲು ಯಾವುದನ್ನು ತೆಗೆಯಬೇಕು ಎಂದು ಆದೇಶಗಳು ಹೇಳುವುದಿಲ್ಲ. ಆ ತಲೆನೋವು ಮುಖ್ಯಶಿಕ್ಷಕರದ್ದು.

ಸೇರಿಸಿದ್ದೆಲ್ಲ ವ್ಯರ್ಥ ಎನ್ನುವಂತಿಲ್ಲ ಎನ್ನುವುದಕ್ಕೆ ಬಿಸಿಯೂಟವೇ ಸಾಕ್ಷಿ. ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿದ ಮೇಲೆ ಕರ್ನಾಟಕ 2002ರ ಜೂನಿನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುಮಾಡಿತು. ಅದಕ್ಕೆ ಮುಂಚೆ ಮಧ್ಯಾಹ್ನ ಒಂದಕ್ಕೆ ಬೆಲ್ ಹೊಡೆದರೆ ಮಕ್ಕಳು ಮನೆಗೆ ಓಡುತ್ತಿದ್ದರು. ಮನೆಯಲ್ಲಿ ಊಟವಿದ್ದವರೂ ಇಲ್ಲದವರೂ ಅನೇಕರು ಮತ್ತೆ ಬರುತ್ತಿರಲಿಲ್ಲ. ದನ ಕಾಯಲು, ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳಲು ನಿಂತುಬಿಡುತ್ತಿದ್ದರು. ಊಟ ಶಾಲೆಯೊಳಗೇ ಬಂದ ಮೇಲೆ ಮಧ್ಯಾಹ್ನದ ಪಿರಿಯಡ್ಡುಗಳಿಗೆ ಮಕ್ಕಳು ಸಿಕ್ಕರು. ಪೌಷ್ಟಿಕಾಂಶದ ಯೋಜನೆ ಎಂದು ನಾವು ಹೊಗಳುವ ಬಿಸಿಯೂಟ ವೇಳಾಪಟ್ಟಿಯ ಸುಧಾರಣೆಯಾಗಿಯೂ ರಾಜ್ಯ ಕಂಡ ಅತ್ಯುತ್ತಮ ಕೆಲಸ. ಏಕೆಂದರೆ ಅದು ದಿನಕ್ಕೆ ಅಂಟಿಸಿದ ತುಣುಕಲ್ಲ. ಅಡುಗೆಕೋಣೆ ಕಟ್ಟಿದರು, ಅಡುಗೆಯವರನ್ನು ನೇಮಿಸಿದರು, ಊಟದ ವೇಳೆಯನ್ನೇ ಬೇರೆ ಮಾಡಿದರು. 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯಕ್ಕೂ, ಆಮೇಲೆ ಬಂದ ಮೊಟ್ಟೆಗೂ ಇದೇ ಅಡುಗೆಕೋಣೆ ಆಸರೆಯಾಯಿತು.

ವಾಟರ್ ಬೆಲ್ಲಿನ ಕಥೆ ಇದಕ್ಕೆ ತದ್ವಿರುದ್ಧ. ಕೇರಳದ ಶಾಲೆಗಳಲ್ಲಿ ದಿನಕ್ಕೆ ಮೂರು ಸಲ ನೀರು ಕುಡಿಯಲು ಬೆಲ್ ಹೊಡೆಯುವ ಸುದ್ದಿ 2019ರ ನವೆಂಬರಿನಲ್ಲಿ ಎಲ್ಲೆಡೆ ಹರಿದಾಡಿತು. ಅದೇ ತಿಂಗಳು ನಮ್ಮಲ್ಲೂ ಜಾರಿಯಾಗಲಿ ಎಂದು ಶಿಕ್ಷಣ ಸಚಿವರು ಹೇಳಿದರು. ಖರ್ಚಿಲ್ಲ, ಕಟ್ಟಡ ಬೇಡ, ಫೋಟೋ ಚೆನ್ನಾಗಿ ಬರುತ್ತದೆ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಯಲ್ಲಿ ನೀರನ್ನೇಕೆ ಕುಡಿಯುವುದಿಲ್ಲ ಎಂದು ಕೇಳಿದ್ದರೆ ಉತ್ತರ ಬೆಲ್ಲಿನ ಕಡೆ ಕೈ ತೋರಿಸುತ್ತಿರಲಿಲ್ಲ. ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಲು ಬಾಗಿಲಿರುವ, ಚಿಲಕವಿರುವ, ನೀರು ಬರುವ ಶೌಚಾಲಯ ಬೇಕು. ಹತ್ತು ನಿಮಿಷದ ಇಂಟರ್‌ವಲ್ಲಿನಲ್ಲಿ ಸರತಿ ಮುಗಿಯಬೇಕು. ಎಷ್ಟೋ ಹುಡುಗಿಯರು ಮನೆಯಿಂದ ತಂದ ಬಾಟಲಿಯನ್ನು ತುಂಬಿದ ಹಾಗೆಯೇ ವಾಪಸು ಒಯ್ಯುವುದು ಮರೆವಿನಿಂದಲ್ಲ, ಲೆಕ್ಕಾಚಾರದಿಂದ. ಇಂಟರ್‌ವಲ್ಲನ್ನು ಹತ್ತರಿಂದ ಇಪ್ಪತ್ತು ನಿಮಿಷ ಮಾಡಿ, ಇನ್ನೆರಡು ಶೌಚಾಲಯ ಕಟ್ಟಿದ್ದರೆ ಯಾವ ಬೆಲ್ಲೂ ಬೇಕಿರಲಿಲ್ಲ. ವಾಟರ್ ಬೆಲ್ ಅದೇ ಉತ್ಸಾಹದಲ್ಲಿ ಈಗಲೂ ಹೊಡೆಯುವ ಶಾಲೆಗಳು ಎಷ್ಟಿವೆ ಎಂದು ಓದುಗರೇ ತಮ್ಮ ಊರಿನಲ್ಲಿ ವಿಚಾರಿಸಬಹುದು.

ಬಿಡುವು ಎಂದರೆ ಕಳೆದುಹೋದ ಸಮಯ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಫಿನ್ಲೆಂಡಿನಲ್ಲಿ ನಲವತ್ತೈದು ನಿಮಿಷದ ಪಾಠಕ್ಕೆ ಹದಿನೈದು ನಿಮಿಷದ ಬಿಡುವು ರೂಢಿ. ಮಕ್ಕಳು ಹೊರಗೆ ಹೋಗುತ್ತಾರೆ, ಚಳಿಯಲ್ಲೂ. ನಮ್ಮಲ್ಲಿ ಒಂದು ಪಿರಿಯಡ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಇರುವುದು ಒಬ್ಬ ಮೇಷ್ಟ್ರು ಹೋಗಿ ಇನ್ನೊಬ್ಬರು ಬರುವಷ್ಟು ಹೊತ್ತು. ಆ ಹೊತ್ತಿನ ಗಲಾಟೆಯನ್ನು ತಡೆಯಲು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುತ್ತಾನೆ.

ಸಮಯ ನಿಜಕ್ಕೂ ಸಾಲದೇ? 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ ಎನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಭಾಗಿಸಿ ನೋಡಿದರೆ ಚಿಕ್ಕವರಿಗೆ ದಿನಕ್ಕೆ ನಾಲ್ಕು ಗಂಟೆ, ದೊಡ್ಡವರಿಗೆ ನಾಲ್ಕೂವರೆ ಗಂಟೆಯ ಮೇಲೆ ಮೂರು ನಿಮಿಷ. ಬೆಳಗ್ಗೆ ಹತ್ತರ ಸುಮಾರಿಗೆ ಶುರುವಾಗಿ ಸಂಜೆ ನಾಲ್ಕು ದಾಟಿದ ಮೇಲೆ ಬಿಡುವ ಶಾಲೆಯಲ್ಲಿ ಊಟ, ಪ್ರಾರ್ಥನೆಗಳನ್ನು ಕಳೆದರೂ ಕಾನೂನು ಕೇಳಿದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ. ಹಾಗಿದ್ದೂ ಎಲ್ಲರೂ ಹೇಳುವುದು ಒಂದೇ ಮಾತು: ಸಿಲಬಸ್ ಮುಗಿಯುವುದಿಲ್ಲ. ಮುಗಿಯದಿರಲು ಕಾರಣ ಗಂಟೆಗಳ ಕೊರತೆಗಿಂತ ಆ ಗಂಟೆಗಳನ್ನು ಕತ್ತರಿಸಿರುವ ರೀತಿ. ನಲವತ್ತು ನಿಮಿಷದ ವಿಜ್ಞಾನದ ಪಿರಿಯಡ್ಡಿನಲ್ಲಿ ಹಾಜರಿ ಕರೆದು, ಹಿಂದಿನ ದಿನದ್ದನ್ನು ನೆನಪಿಸಿ, ಪರಿಕರ ಹೊಂದಿಸುವಷ್ಟರಲ್ಲಿ ಪ್ರಯೋಗಕ್ಕೆ ಉಳಿಯುವುದು ಹದಿನೈದು ನಿಮಿಷ. ಹೀಗಾಗಿ ಪ್ರಯೋಗ ಬೋರ್ಡಿನ ಮೇಲೆ ಚಿತ್ರವಾಗಿ ನಡೆಯುತ್ತದೆ.

2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಿಷಯವನ್ನು ಅಡಿಟಿಪ್ಪಣಿಗೆ ಬಿಡದೆ ಮಾದರಿ ವೇಳಾಪಟ್ಟಿಗಳನ್ನೇ ಕೊಟ್ಟಿತು ಎನ್ನುವುದು ಅದರ ಹೆಗ್ಗಳಿಕೆ. ಕೆಳ ಹಂತಗಳಿಗೆ 40 ನಿಮಿಷದ ಅವಧಿ, ಪ್ರೌಢ ಹಂತಕ್ಕೆ 50 ನಿಮಿಷ. ಕಲೆ, ವೃತ್ತಿ ಕಲಿಕೆ ಮುಂತಾದ ಕೈಕೆಲಸದ ವಿಷಯಗಳಿಗೆ ಎರಡು ಅವಧಿ ಜೋಡಿಸಿದ ಬ್ಲಾಕ್. ನೋಡಲು ಸುಂದರವಾದ ಕೋಷ್ಟಕಗಳು. ಆದರೆ ಆ ಕೋಷ್ಟಕದ ಪ್ರತಿ ಚೌಕದೊಳಗೆ ಒಬ್ಬ ಶಿಕ್ಷಕ ಇರುತ್ತಾನೆ ಎಂಬ ಊಹೆಯ ಮೇಲೆ ಅದೆಲ್ಲ ನಿಂತಿದೆ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುವ ಮಲೆನಾಡಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಗೋಡೆಗೆ ಅದನ್ನು ಅಂಟಿಸಿದರೆ ಅಧಿಕಾರಿ ಭೇಟಿಯ ದಿನ ತೋರಿಸಲು ಆಗುತ್ತದೆ, ಅಷ್ಟೇ. ಕರ್ನಾಟಕ ತನ್ನದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ನೇತೃತ್ವದ ಆಯೋಗ ರಚಿಸಿತು. 2025ರ ಆಗಸ್ಟಿನಲ್ಲಿ ವರದಿ ಬಂದಾಗ ನಾವು ವಾದ ಮಾಡಿದ್ದು ಬೋಧನಾ ಮಾಧ್ಯಮದ ಬಗ್ಗೆ, ಎಷ್ಟು ವರ್ಷ ಯಾವ ಹಂತಕ್ಕೆ ಎಂಬುದರ ಬಗ್ಗೆ. ಮಗು ಬೆಳಗ್ಗೆ ಎಷ್ಟು ಗಂಟೆಗೆ ಏನು ಮಾಡುತ್ತದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ.

ತಮಾಷೆಯೆಂದರೆ, ಒಬ್ಬ ಶಿಕ್ಷಕರು ಹಲವು ತರಗತಿಗಳನ್ನು ಹೇಗೆ ನಡೆಸಬಹುದು ಎಂಬುದಕ್ಕೆ ಉತ್ತರ ನಮ್ಮದೇ ನೆಲದಲ್ಲಿದೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ನಲಿ-ಕಲಿ, ಪಿರಿಯಡ್ ಎಂಬ ಕಲ್ಪನೆಯನ್ನೇ ಸಡಿಲಿಸಿತು. ಕಾರ್ಡುಗಳ ಮೇಲೆ ಪ್ರಾಣಿ ಪಕ್ಷಿಗಳ ಲೋಗೋ, ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೊಂದರಲ್ಲಿ ಗೆಳೆಯರೇ ಗುರುಗಳು, ಕೊನೆಯದು ಸ್ವಂತ ಕಲಿಕೆ. ಮೂರು ದಿನ ಜ್ವರ ಬಂದು ಮಲಗಿದ ಹುಡುಗಿ ನಾಲ್ಕನೇ ದಿನ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾಳೆ. ಬೆಲ್ ಹೊಡೆಯಿತೆಂದು ಅವಳ ಕಲಿಕೆ ಮುಂದೆ ಓಡಿರುವುದಿಲ್ಲ. 2009-10ರಲ್ಲಿ ಇದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಕಾರ್ಡು ಬಂದವು, ತರಬೇತಿ ಬಂತು. ಕೋಟೆಯ ಶಿಕ್ಷಕರಿಗಿದ್ದ ನಮ್ಮದಿದು ಎಂಬ ಭಾವ ಬರಲಿಲ್ಲ. ಕಾರ್ಡು ಹರಿದುಹೋದರೆ ಹೊಸದು ಬರುವವರೆಗೆ ಕಾಯುವ, ಮಗುವಿನ ಮುನ್ನಡೆ ಗುರುತಿಸುವ ಪ್ರಗತಿ ನೋಟವನ್ನು ವಾರದ ಕೊನೆಗೆ ಒಟ್ಟಿಗೆ ತುಂಬುವ ವಿಧಿಯಾಗಿ ಅನೇಕ ಕಡೆ ಅದು ಒಣಗಿತು. ಆದರೂ, ಶಾಲೆಯ ಸಮಯವನ್ನು ಮಗುವಿನ ಕಡೆಯಿಂದ ಯೋಚಿಸಿದ ಪ್ರಯತ್ನ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮೂರನೇ ತರಗತಿಗೆ ಅದು ನಿಂತು, ನಾಲ್ಕಕ್ಕೆ ಕಾಲಿಟ್ಟ ಮಗು ಇದ್ದಕ್ಕಿದ್ದಂತೆ ಬೆಂಚು, ಬೋರ್ಡು, ಬೆಲ್ಲಿನ ಲೋಕಕ್ಕೆ ಬೀಳುವುದು ಬೇರೆಯದೇ ಕ್ರೌರ್ಯ.

ದಿನ ಯಾವಾಗ ಶುರುವಾಗಬೇಕು ಎಂಬ ಪ್ರಶ್ನೆಗೆ ಬರೋಣ. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಹುಡುಗರು ಹನ್ನೊಂದಾದರೂ ಮಲಗದಿರುವುದರಲ್ಲಿ ಮೊಬೈಲಿನ ಜೊತೆ ದೇಹದ ಪಾಲೂ ಇದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲೇ ಎಂಟೂವರೆಗೆ ಮುಂಚೆ ಹೈಸ್ಕೂಲು ಬೇಡ ಎಂದಿತು. ಸಿಯಾಟಲ್ ನಗರ 2016ರಲ್ಲಿ 7:50ರ ಶಾಲೆಯನ್ನು 8:45ಕ್ಕೆ ಸರಿಸಿದಾಗ, ಮಣಿಕಟ್ಟಿಗೆ ಕಟ್ಟಿದ ಸಾಧನಗಳಲ್ಲಿ ಅಳೆದ ನಿದ್ದೆ 34 ನಿಮಿಷ ಹೆಚ್ಚಿತ್ತು. ತಡವಾಗಿ ಶುರುವಾದರೆ ಮಕ್ಕಳು ತಡವಾಗಿ ಮಲಗುತ್ತಾರೆ ಎಂಬ ಹಿರಿಯರ ವಾದ ಅಲ್ಲಿ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯ 2019ರಲ್ಲಿ ತಡವಾಗಿ ಶುರುಮಾಡುವುದನ್ನು ಕಾನೂನು ಮಾಡಿತು. ಫ್ಲಾರಿಡ 2023ರಲ್ಲಿ ಕಾನೂನು ಮಾಡಿ, ಬಸ್ಸಿನ ಖರ್ಚು, ಹೊಂದಾಣಿಕೆಗಳ ಗೋಳಿಗೆ ಸೋತು 2025ರಲ್ಲಿ ಹಿಂತೆಗೆದುಕೊಂಡಿತು.

ನಮ್ಮ ಪಕ್ಕದ ಮಹಾರಾಷ್ಟ್ರ ಮಕ್ಕಳ ನಿದ್ದೆಯನ್ನೇ ಕಾರಣ ಹೇಳಿ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆಗಳು ಒಂಬತ್ತಕ್ಕೆ ಮುಂಚೆ ಶುರುವಾಗಕೂಡದು ಎಂದಿತು. ಉದ್ದೇಶ ಒಳ್ಳೆಯದು, ಗುರಿ ತಪ್ಪಿದೆ. ಚಿಕ್ಕ ಮಕ್ಕಳು ಹೇಗೂ ಬೇಗ ಮಲಗಿ ಬೇಗ ಏಳಬಲ್ಲರು. ಬೆಳಗಿನ ನಿದ್ದೆ ಬೇಕಿರುವುದು ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ. ಎರಡು ಪಾಳಿಯಲ್ಲಿ ನಡೆಯುವ ಶಾಲೆ ಚಿಕ್ಕವರನ್ನು ತಡಮಾಡಿದರೆ ಖಾಲಿಯಾದ ಮುಂಜಾನೆಗೆ ದೊಡ್ಡವರನ್ನೇ ತಂದು ಕೂರಿಸುತ್ತದೆ.

ಬೆಂಗಳೂರು ಇನ್ನೂ ವಿಚಿತ್ರ. 2023ರಲ್ಲಿ ಹೈಕೋರ್ಟಿನಲ್ಲಿ ವಾಹನ ದಟ್ಟಣೆಯ ಪ್ರಕರಣದ ವಿಚಾರಣೆ ನಡೆದಾಗ ಶಾಲಾ ಸಮಯವನ್ನು ಬದಲಿಸಬಹುದೇ ಎಂದು ಪರಿಶೀಲಿಸುವ ಮಾತು ಬಂತು. ಇಲಾಖೆ ಸಭೆ ಕರೆಯಿತು, ಖಾಸಗಿ ಶಾಲೆಗಳು ಒಪ್ಪಲಿಲ್ಲ, ಅಲ್ಲಿಗೆ ಮುಗಿಯಿತು. ಶಾಲೆಗಳ ವಾದದಲ್ಲಿ ಹುರುಳಿತ್ತು: ಇನ್ನೂ ಬೇಗ ಎಂದರೆ ಆರಕ್ಕೇ ವ್ಯಾನ್ ಹತ್ತಬೇಕಾದ ಮಕ್ಕಳಿದ್ದಾರೆ. ಆದರೆ ಇಡೀ ಚರ್ಚೆಯಲ್ಲಿ ಮಗು ಇದ್ದದ್ದು ರಸ್ತೆ ತುಂಬುವ ಒಂದು ವಸ್ತುವಾಗಿ. ಕೇರಳದಲ್ಲಿ 2025ರಲ್ಲಿ ಹೈಸ್ಕೂಲಿನ ದಿನಕ್ಕೆ ಅರ್ಧ ಗಂಟೆ ಸೇರಿಸಿದಾಗ ಬೆಳಗಿನ ಮದ್ರಸಾಕ್ಕೆ ತೊಂದರೆಯೆಂದು ಆಕ್ಷೇಪ ಬಂತು. ನಮ್ಮ ಕರಾವಳಿಯಲ್ಲೂ ಮದ್ರಸಾ ಮುಗಿಸಿ ಶಾಲೆಗೆ ಓಡುವ ಮಕ್ಕಳಿದ್ದಾರೆ, ಅವರ ದಿನವನ್ನೂ ಯಾರಾದರೂ ಒಟ್ಟಾಗಿ ನೋಡಬೇಕು.

ಬದಲಿಸಲು ಆಗುವುದೇ ಇಲ್ಲ ಎನ್ನುವವರು ಬೇಸಿಗೆಯಲ್ಲಿ ಕಲಬುರಗಿ ಕಡೆ ನೋಡಲಿ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಎಂಟಕ್ಕೆ ಶುರುವಾಗುತ್ತವೆ. ಮಲೆನಾಡು, ಕರಾವಳಿಯಲ್ಲಿ ಮಳೆ ಜೋರಾದರೆ ಡಿ.ಸಿ. ರಜೆ ಕೊಡುತ್ತಾರೆ, ಕಳೆದ ದಿನಗಳನ್ನು ಶನಿವಾರದ ಮಧ್ಯಾಹ್ನಗಳಿಂದ ವಸೂಲು ಮಾಡುತ್ತಾರೆ. ಹವಾಮಾನಕ್ಕೆ ಬಗ್ಗುವ ವೇಳಾಪಟ್ಟಿ ಮಗುವಿನ ದೇಹಕ್ಕೆ ಮಾತ್ರ ಬಗ್ಗುವುದಿಲ್ಲ.

ಇದು ಅತ್ಯಂತ ಢಾಳಾಗಿ ಕಾಣುವುದು ಎಸ್ಸೆಸ್ಸೆಲ್ಸಿಯಲ್ಲಿ. ಜನವರಿ ಬಂತೆಂದರೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ರಾತ್ರಿ ಗುಂಪು ಅಧ್ಯಯನ. ಕೆಲವು ಜಿಲ್ಲೆಗಳಲ್ಲಿ ಬೆಳಗಿನ ಐದಕ್ಕೆ ಶಿಕ್ಷಕರೇ ಮನೆಗೆ ಫೋನ್ ಮಾಡಿ ಎಬ್ಬಿಸುವ ಕ್ರಮ. ಆ ಶಿಕ್ಷಕರ ಕಾಳಜಿ ಸುಳ್ಳಲ್ಲ; ಜಿಲ್ಲೆಯ ರ‍್ಯಾಂಕಿನ ಹೆದರಿಕೆಯೂ ಸುಳ್ಳಲ್ಲ. ಆದರೆ ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲಿ ಎಂಬುದನ್ನು ಬಲ್ಲವರಿಗೆ ಇದು ಕಟ್ಟುತ್ತಲೇ ಕೆಡಹುವ ಕೆಲಸವಾಗಿ ಕಾಣುತ್ತದೆ. ಈ ತಿಂಗಳುಗಳಲ್ಲಿ ಮೊದಲು ಬಲಿಯಾಗುವುದು ಪಿ.ಟಿ. ಪಿರಿಯಡ್. ಗಣಿತದ ಮೇಷ್ಟ್ರು ಕೇಳುತ್ತಾರೆ, ಪಿ.ಟಿ. ಮೇಷ್ಟ್ರು ಕೊಡುತ್ತಾರೆ, ಅನೇಕ ಶಾಲೆಗಳಲ್ಲಿ ಕೊಡಲು ಪಿ.ಟಿ. ಮೇಷ್ಟ್ರೇ ಇರುವುದಿಲ್ಲ. ಚಿತ್ರಕಲೆ, ಸಂಗೀತದ ಹಣೆಬರಹವೂ ಇದೇ.

ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರವನ್ನು ಇದೇ ಹಿನ್ನೆಲೆಯಲ್ಲಿ ತೂಗಬೇಕು. ತಿಂಗಳಿಗೊಂದು ಶನಿವಾರ ಚೀಲವಿಲ್ಲದೆ ಬಂದು ಚಟುವಟಿಕೆ ಮಾಡುವ ಮಕ್ಕಳ ಖುಷಿ ನಿಜ. ಸಂಭ್ರಮಕ್ಕೆ ಒಂದು ದಿನ ಗೊತ್ತುಮಾಡಿದರೆ ಉಳಿದ ದಿನಗಳು ಏನು ಎಂಬ ಪ್ರಶ್ನೆಯೂ ಅಷ್ಟೇ ನಿಜ. ಆ ಶನಿವಾರದ ಮಾದರಿಯನ್ನು ವಾರದ ಎರಡು ಮಧ್ಯಾಹ್ನಗಳಿಗೆ ತಂದು, ಬದಲಿಗೆ ಎರಡು ನಲವತ್ತು ನಿಮಿಷಗಳನ್ನು ಕಿತ್ತುಹಾಕಿದ್ದರೆ ಅದು ಪುನರ್ರಚನೆ ಎನಿಸುತ್ತಿತ್ತು.

ಕೊನೆಗೂ ವೇಳಾಪಟ್ಟಿ ಬರೆಯುವುದು ಒಬ್ಬ ಎಚ್ಚೆಮ್ಮು, ಜೂನಿನ ಮೊದಲ ವಾರ, ಪೆನ್ಸಿಲ್ಲಿನಲ್ಲಿ. ಇಂಗ್ಲಿಷಿನ ಹುದ್ದೆ ಖಾಲಿ ಇರುತ್ತದೆ, ಅತಿಥಿ ಶಿಕ್ಷಕರು ಇನ್ನೂ ಬಂದಿರುವುದಿಲ್ಲ, ವರ್ಗಾವಣೆಯ ಕೌನ್ಸೆಲಿಂಗ್ ಮುಗಿದಿರುವುದಿಲ್ಲ. ಆಗಸ್ಟಿನಲ್ಲಿ ಒಬ್ಬರು ಬಂದು, ಇನ್ನೊಬ್ಬರು ಹೋಗಿ, ಪಟ್ಟಿಯನ್ನು ಅಳಿಸಿ ಮತ್ತೆ ಬರೆಯುತ್ತಾರೆ. ನಡುವೆ ಇಬ್ಬರು ಸಮೀಕ್ಷೆಗೆ, ಒಬ್ಬರು ತರಬೇತಿಗೆ; ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಎಂದಾಗ ಅದರಲ್ಲಿ ಪಾಠದ ತಯಾರಿಯನ್ನೂ ಸೇರಿಸಿತ್ತು, ಆ ತಯಾರಿಯ ಗಂಟೆಗಳು ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದರಲ್ಲಿ ಕರಗುತ್ತವೆ. ವರ್ಗಾವಣೆ ಮೇ ತಿಂಗಳಲ್ಲೇ ಮುಗಿದು, ಶಾಲೆ ತೆರೆಯುವ ದಿನವೇ ಅತಿಥಿ ಶಿಕ್ಷಕರು ತರಗತಿಯಲ್ಲಿದ್ದರೆ, ಇಂಟರ್‌ವಲ್ ಎಷ್ಟು ನಿಮಿಷ, ಎರಡು ಪಿರಿಯಡ್ ಜೋಡಿಸುವುದು ಯಾವ ದಿನ ಎಂಬುದನ್ನು ಆ ಎಚ್ಚೆಮ್ಮು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರೊಡನೆ ಕೂತು ತಾವೇ ತೀರ್ಮಾನಿಸಬಲ್ಲರು. ಮುಂದಿನ ಸಲ ಹೊಸ ಬೆಲ್ಲಿನ ಸುತ್ತೋಲೆ ಕಳಿಸುವಾಗ ಯಾವ ಹಳೆಯದನ್ನು ನಿಲ್ಲಿಸಬಹುದು ಎಂಬ ಒಂದು ಸಾಲನ್ನೂ ಇಲಾಖೆ ಅದರಲ್ಲಿ ಸೇರಿಸಲಿ.