ನುಡಿ ಯಾರದು, ಅರ್ಥ ಯಾರದು?

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿ ವರ್ಷ ದಸರೆಯ ಹೊತ್ತಿಗೆ ಮಾಲತೇಶ ದೇವರ ಕಾರ್ಣಿಕ ನಡೆಯುತ್ತದೆ. ವ್ರತದಲ್ಲಿರುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಸಾವಿರಾರು ಜನ ಮೌನವಾಗುತ್ತಾರೆ. ಬರುವುದು ಒಂದೇ ಒಂದು ಸಾಲು. ಅದು ಮುಗಿಯುತ್ತಲೇ ಅರ್ಥ ಹೇಳುವ ಕೆಲಸ ಶುರುವಾಗುತ್ತದೆ. ರೈತ ಅದರಲ್ಲಿ ಮಳೆ-ಬೆಳೆ ಹುಡುಕುತ್ತಾನೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ದರ ಹುಡುಕುತ್ತಾನೆ, ಸುದ್ದಿ ಚಾನೆಲ್‌ಗಳು ಸರಕಾರದ ಆಯುಷ್ಯ ಹುಡುಕುತ್ತವೆ. ಭವಿಷ್ಯದ ಜ್ಞಾನ ಅಲ್ಲಾಹನಿಗೆ ಮಾತ್ರ ಎಂದು ನಂಬುವವರು ಕಾರ್ಣಿಕವನ್ನು ಭವಿಷ್ಯವಾಣಿಯೆಂದು ಒಪ್ಪಲಾರರು. ಆದರೂ ಅಲ್ಲಿನ ಒಂದು ಶಿಸ್ತು ನಾವು ಗಮನಿಸಬೇಕಾದದ್ದು. ಗೊರವಯ್ಯ ನುಡಿದದ್ದು ಎಷ್ಟು, ಕೇಳಿದವರು ಸೇರಿಸಿದ್ದು ಎಷ್ಟು ಎಂಬುದರಲ್ಲಿ ಅಲ್ಲಿ ಯಾರಿಗೂ ಗೊಂದಲವಿಲ್ಲ. ನುಡಿ ಒಬ್ಬರದು, ಅರ್ಥ ಹಲವರದು.

ಧರ್ಮಗ್ರಂಥದ ಕತೆಯೊಂದು ಟಿವಿ ಧಾರಾವಾಹಿಯಾದಾಗ ಮೊದಲು ಅಳಿಸಿಹೋಗುವುದು ಈ ಗೆರೆಯೇ. ಇದನ್ನು ಅರಿಯಲು ಪ್ರವಾದಿ ಯೂಸುಫ್(ಅ)ರ ಕತೆಗಿಂತ ಒಳ್ಳೆಯ ಉದಾಹರಣೆ ಬೇರೆ ಸಿಗದು. ಏಕೆಂದರೆ ಅದು ಕೂಡ ಅರ್ಥ ಹೇಳುವವರ ಕತೆ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿಂದುಹಾಕುವ ಕನಸು ರಾಜನಿಗೆ ಬಿತ್ತು. ಅದು ಸುಗ್ಗಿ ಮತ್ತು ಬರಗಾಲದ ಸೂಚನೆಯೆಂದು ತಿಳಿಸಿದವರು ಸೆರೆಮನೆಯಲ್ಲಿದ್ದ ಯೂಸುಫರು.

ಇರಾನಿನ ಫರಜುಲ್ಲಾ ಸಲಹ್‌ಶೂರ್ ನಿರ್ದೇಶಿಸಿದ ‘ಯೂಸುಫ್ ಎ ಪಯಂಬರ್’ 45 ಕಂತುಗಳ ಧಾರಾವಾಹಿ. ಅದು 2008ರಲ್ಲಿ ಪ್ರಸಾರವಾಯಿತು. ಅನಂತರ ಹಲವು ಭಾಷೆಗಳಿಗೆ ದಬ್ ಆಗಿ, ಉರ್ದುವಿನ ಮೂಲಕ ನಮ್ಮ ಮನೆಗಳಿಗೂ ಬಂತು. ಅಶ್ಲೀಲವಿಲ್ಲದ, ಮನೆಮಂದಿಯೆಲ್ಲ ಕೂತು ನೋಡಬಹುದಾದ ಧಾರಾವಾಹಿ ಎಂದು ಅನೇಕರು ಮೆಚ್ಚಿದರು. ಆ ಮೆಚ್ಚುಗೆಗೆ ಕಾರಣಗಳಿವೆ. ತಾಳ್ಮೆ, ಶೀಲ, ಕ್ಷಮೆ ಇವುಗಳನ್ನು ಅದು ಮನಮುಟ್ಟುವಂತೆ ತೋರಿಸಿದೆ. ಆದರೆ ಅದರಲ್ಲಿರುವುದೆಲ್ಲ ಕುರ್‌ಆನಿನ ಕತೆಯೇ ಎಂದು ನಂಬಿಬಿಡುವುದು ಬೇರೆ ಮಾತು.

ಕುರ್‌ಆನಿನ ‘ಯೂಸುಫ್’ ಅಧ್ಯಾಯದಲ್ಲಿ 111 ಸೂಕ್ತಗಳಿವೆ. ಬೈಬಲ್‌ನಲ್ಲಿ ಯೋಸೇಫನ ಕತೆ ಆದಿಕಾಂಡದ 37ನೇ ಅಧ್ಯಾಯದಿಂದ 50ರ ತನಕ ಹಬ್ಬಿದೆ. ಎರಡೂ ಒಂದೇ ಕತೆಯಾದರೂ ಎರಡೂ ಒಂದೇ ಅಲ್ಲ. ಆದಿಕಾಂಡದಲ್ಲಿ ರಕ್ತ ಹಚ್ಚಿದ ಅಂಗಿಯನ್ನು ಕಂಡ ಯಾಕೋಬ ಮಗನನ್ನು ಕಾಡುಮೃಗ ತಿಂದಿತೆಂದೇ ನಂಬಿ ಗೋಳಾಡುತ್ತಾನೆ. ಕುರ್‌ಆನಿನ ಯಾಕೂಬ್(ಅ) ಮಕ್ಕಳ ಮಾತನ್ನು ನಂಬುವುದಿಲ್ಲ, ಸಹನೆಯ ದಾರಿ ಹಿಡಿಯುತ್ತಾರೆ. ಆದಿಕಾಂಡದಲ್ಲಿ ಒಡೆಯನ ಹೆಂಡತಿಯ ಕೈಯಲ್ಲಿ ಉಳಿದ ಬಟ್ಟೆ ಯೋಸೇಫನ ವಿರುದ್ಧ ಸಾಕ್ಷಿಯಾಗುತ್ತದೆ. ಕುರ್‌ಆನಿನಲ್ಲಿ ಹಿಂದಿನಿಂದ ಹರಿದ ಅಂಗಿ ಯೂಸುಫರ ನಿರ್ದೋಷಿತ್ವಕ್ಕೆ ಸಾಕ್ಷಿಯಾಗುತ್ತದೆ. ಅವರ ಚೆಲುವನ್ನು ಕಂಡು ಬೆರಗಾದ ಹೆಂಗಸರು ಕೈ ಕೊಯ್ದುಕೊಳ್ಳುವ ಪ್ರಸಂಗ ಆದಿಕಾಂಡದಲ್ಲಿಲ್ಲ. ಹಸಿದ ಜನರ ದನಕರು, ಹೊಲಗಳೆಲ್ಲ ಫರೋಹನ ಪಾಲಾಗಿ ಅವರೇ ಅವನ ಆಳುಗಳಾದ ಸಂಗತಿ ಆದಿಕಾಂಡದ 47ನೇ ಅಧ್ಯಾಯದಲ್ಲಿದೆ, ಕುರ್‌ಆನಿನಲ್ಲಿಲ್ಲ. ಬರಗಾಲದಲ್ಲಿ ಹೊಲ ಕಳೆದುಕೊಳ್ಳುವುದೆಂದರೇನೆಂದು ಹಾವೇರಿಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ಆ ಅಧ್ಯಾಯದ ಬಳಿ ನಿಂತು ಯೋಚಿಸಿಯೇ ಯೋಚಿಸುತ್ತಾನೆ.

ಇನ್ನು ಎರಡೂ ಗ್ರಂಥಗಳು ಸುಮ್ಮನಿರುವ ಕಡೆಗಳಿವೆ. ಆ ಹೆಣ್ಣಿನ ಹೆಸರನ್ನು ಕುರ್‌ಆನ್ ಹೇಳಿಲ್ಲ, ಬೈಬಲ್ಲೂ ಹೇಳಿಲ್ಲ. ‘ಝುಲೇಖಾ’ ಬಂದದ್ದು ಮುಂದಿನ ಪರಂಪರೆಯಿಂದ. ಆಕೆಗೆ ಮರಳಿ ಯೌವನ ಬಂದು ಯೂಸುಫರೊಂದಿಗೆ ಮದುವೆಯಾದ ಕತೆಯನ್ನು ಪಾರ್ಸಿ ಕವಿ ಜಾಮಿ 15ನೇ ಶತಮಾನದಲ್ಲಿ ಕಾವ್ಯವಾಗಿ ಹಾಡಿದರು. ಅದು ಸೂಫಿ ಪ್ರೇಮದ ದೊಡ್ಡ ರೂಪಕ, ಅದರ ಬೆಲೆಯೇ ಬೇರೆ. ಕುರ್‌ಆನಿನಲ್ಲಿ ಆ ಮದುವೆಯಿಲ್ಲ. ಆದಿಕಾಂಡದಲ್ಲಿ ಯೋಸೇಫ ಮದುವೆಯಾಗುವುದು ಓನ್ ಪಟ್ಟಣದ ಪುರೋಹಿತನ ಮಗಳು ಆಸನತ್‌ಳನ್ನು. ಧಾರಾವಾಹಿಯಲ್ಲಾದರೋ ಝುಲೇಖಾಳ ಮುಪ್ಪು, ಮರಳಿದ ಯೌವನ, ಮದುವೆ ಎಲ್ಲವೂ ಇವೆ. ಸೂಕ್ತದಿಂದ ಬಂದ ದೃಶ್ಯ, ಕಾವ್ಯದಿಂದ ಬಂದ ದೃಶ್ಯ ಎರಡಕ್ಕೂ ಅದೇ ಸಂಗೀತ, ಅದೇ ಬೆಳಕು, ಅದೇ ಗಾಂಭೀರ್ಯ. ನೋಡುವವನು ಬೇರ್ಪಡಿಸುವುದು ಹೇಗೆ?

ಇತಿಹಾಸದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಧಾರಾವಾಹಿ ಯೂಸುಫರ ಕಾಲದ ರಾಜನನ್ನು ಅಖೆನಾಟನ್ ಎಂದು ಗುರುತಿಸುತ್ತದೆ. ಸೂರ್ಯಬಿಂಬವನ್ನು ಏಕದೈವವಾಗಿ ಪೂಜಿಸಿದ ಈ ಅರಸ ಕ್ರಿ.ಪೂ. 14ನೇ ಶತಮಾನದವನು. ಅವನಿಗೆ ಏಕದೇವ ವಿಶ್ವಾಸ ದೊರೆತದ್ದು ಯೂಸುಫರಿಂದ ಎಂಬುದು ಧಾರಾವಾಹಿಯ ಕಲ್ಪನೆ. ಇದಕ್ಕೆ ಈಜಿಪ್ಟಿನ ಶಾಸನಗಳಲ್ಲಿ ಆಧಾರವಿಲ್ಲ. ಯೂಸುಫರನ್ನು ಚರಿತ್ರೆಯಲ್ಲಿ ಗುರುತಿಸಲು ಯತ್ನಿಸಿದ ಅನೇಕ ವಿದ್ವಾಂಸರು ಅದಕ್ಕೂ ಹಿಂದಿನ ಹಿಕ್ಸೋಸ್ ಅರಸರ ಕಾಲದ ಕಡೆ ಬೊಟ್ಟು ಮಾಡಿದ್ದಾರೆ. ಅದೂ ಊಹೆಯೇ.

ಇಲ್ಲೊಂದು ತಮಾಷೆಯಿದೆ. ಕುರ್‌ಆನ್ ಮೂಸಾ(ಅ)ರ ಕಾಲದ ದೊರೆಯನ್ನು ‘ಫಿರ್‌ಔನ್’ ಎಂದರೆ, ಯೂಸುಫರ ಕಾಲದ ದೊರೆಯನ್ನು ‘ಮಲಿಕ್’, ಅಂದರೆ ರಾಜ ಎಂದಷ್ಟೇ ಕರೆಯುತ್ತದೆ. ಈಜಿಪ್ಟಿನಲ್ಲಿ ಅರಸನನ್ನೇ ಫರೋಹ ಎನ್ನುವ ರೂಢಿ ಶುರುವಾದದ್ದು ಸುಮಾರು ಕ್ರಿ.ಪೂ. 15ನೇ ಶತಮಾನದಲ್ಲಿ. ಅದಕ್ಕೂ ಮೊದಲು ಆ ಪದಕ್ಕೆ ಅರಮನೆ, ದೊಡ್ಡ ಮನೆ ಎಂಬ ಅರ್ಥವಿತ್ತು. ಆದ್ದರಿಂದ ಕುರ್‌ಆನಿನ ಪದಪ್ರಯೋಗ ಎಷ್ಟು ನಿಖರ ನೋಡಿ ಎಂದು ನಮ್ಮ ಭಾಷಣಕಾರರು ಅಭಿಮಾನದಿಂದ ಹೇಳುವುದುಂಟು. ಆದರೆ ಯೂಸುಫರು ಅಖೆನಾಟನ್ನನ ಕಾಲದವರೆಂದರೆ ಆ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಅವನ ಕಾಲಕ್ಕೆ ಅರಸನನ್ನು ಫರೋಹ ಎನ್ನುವ ರೂಢಿ ಬಂದಾಗಿತ್ತು. ವೇದಿಕೆಯಲ್ಲಿ ಒಂದನ್ನು, ಮನೆಯಲ್ಲಿ ಇನ್ನೊಂದನ್ನು ಮೆಚ್ಚುವ ನಾವು ಎರಡನ್ನೂ ಒಟ್ಟಿಗಿಟ್ಟು ನೋಡಿಲ್ಲ. ಗ್ರಂಥ ರಾಜನ ಹೆಸರು ಹೇಳದೆ ಬಿಟ್ಟಿತ್ತು. ಧಾರಾವಾಹಿಗೆ ಹಾಗೆ ಬಿಡಲಾಗಲಿಲ್ಲ. ಅದಕ್ಕೆ ಕಿರೀಟ ಬೇಕು, ಅರಮನೆ ಬೇಕು, ಆ ಅರಮನೆಗೊಂದು ಇಸವಿ ಬೇಕು.

ಪರದೆಗೆ ಮುಖವೂ ಬೇಕು. ಇವತ್ತು ಯೂಸುಫ್ ಎಂದೊಡನೆ ಎಷ್ಟೋ ಮಕ್ಕಳ ಕಣ್ಣಿಗೆ ಬರುವುದು ನಟ ಮುಸ್ತಫಾ ಝಮಾನಿಯ ಮುಖ. ಪ್ರವಾದಿಗಳನ್ನು ನಟರ ಮೂಲಕ ತೋರಿಸಬಾರದೆಂಬುದು ಸುನ್ನಿ ವಿದ್ವಾಂಸರ ಸಾಮಾನ್ಯ ನಿಲುವು. 2014ರಲ್ಲಿ ‘ನೋಹ’ ಚಲನಚಿತ್ರವನ್ನು ಅಲ್ ಅಝ್‌ಹರ್ ವಿರೋಧಿಸಿದ್ದು ಇದೇ ಕಾರಣಕ್ಕೆ. ಇರಾನಿನಲ್ಲಿ ಈ ವಿಷಯದಲ್ಲಿ ಅಷ್ಟು ಬಿಗಿಯಿಲ್ಲ. ಮುಖವಿಲ್ಲದೆ ಕತೆಯೇ ಹೇಳಲಾಗದು ಎನ್ನುವವರಿಗೆ ಮುಸ್ತಫಾ ಅಕ್ಕಾದರ ‘ದಿ ಮೆಸೇಜ್’ (1976) ಉತ್ತರ ಕೊಟ್ಟಿದೆ. ಅದರಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಖವೂ ಇಲ್ಲ, ದನಿಯೂ ಇಲ್ಲ. ಆದರೂ ಕತೆ ನಿಂತಿದೆ.

ಈ ಪ್ರಶ್ನೆಯನ್ನು ನಮ್ಮ ಗ್ರಂಥದ ಮಟ್ಟಿಗೆ ಮಾತ್ರ ಕೇಳಿ ಸುಮ್ಮನಾದರೆ ಅದು ನ್ಯಾಯವಲ್ಲ. ದೇವರಗುಡ್ಡದ ಮಾಲತೇಶನೇ ಮೈಲಾರದ ಮೈಲಾರಲಿಂಗ, ಮಹಾರಾಷ್ಟ್ರದ ಜೇಜುರಿಯ ಖಂಡೋಬ. ಅವನ ಕತೆ ‘ಜಯ ಮಲ್ಹಾರ್’ ಎಂಬ ಹೆಸರಿನಲ್ಲಿ 2014ರಿಂದ 2017ರವರೆಗೆ ಝೀ ಮರಾಠಿಯಲ್ಲಿ ಪ್ರಸಾರವಾಯಿತು. ಮೌಖಿಕ ಪರಂಪರೆಯಲ್ಲಿ ಈ ದೇವರಿಗೆ ಒಂದೇ ಕತೆಯಿಲ್ಲ. ಕನ್ನಡದಲ್ಲಿ ಗಂಗಿಮಾಳವ್ವನ ಗಂಡ, ಮರಾಠಿಯಲ್ಲಿ ಮ್ಹಾಳಸಾ-ಬಾಣಾಯಿಯರ ಗಂಡ. ಐವರು ಹೆಂಡಿರಲ್ಲಿ ಚಂದಾಯಿಯನ್ನು ಮುಸ್ಲಿಮ್ ಹೆಣ್ಣೆನ್ನುವ ಹೇಳಿಕೆಯುಂಟು, ಅವನನ್ನು ಮಲ್ಲೂಖಾನ್ ಎಂದು ಕರೆಯುವ ಪರಿಪಾಠವೂ ಉಂಟು. ಕುರುಬರ ಹಾಡು, ಗೊರವರ ಮಾತು, ವಾಘ್ಯಾ-ಮುರಳಿಯರ ಜಾಗರಣೆ ಎಲ್ಲವೂ ತಮ್ಮ ತಮ್ಮ ಮೈಲಾರನನ್ನು ಇಟ್ಟುಕೊಂಡಿವೆ. ಧಾರಾವಾಹಿಗೆ ಒಬ್ಬನೇ ಸಾಕು. 1987ರ ‘ರಾಮಾಯಣ’ದಲ್ಲೂ ಆದದ್ದು ಅದೇ. ರಾವಣನನ್ನು ಕೊಲ್ಲುವವನು ಲಕ್ಷ್ಮಣ ಎಂದು ಹೇಳಿದ ನಾಗಚಂದ್ರ ಹುಟ್ಟಿದ ಭಾಷೆಯ ಮಕ್ಕಳಿಗೂ ಟಿವಿಯ ರಾಮನೇ ಏಕೈಕ ರಾಮನಾದ.

ಧಾರಾವಾಹಿ ಗ್ರಂಥದಿಂದ ಸರಿದದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸರಿಯದೆ ಧಾರಾವಾಹಿಯಾಗದು. ತಪ್ಪಿರುವುದು ಸರಿದದ್ದನ್ನು ಮರೆಮಾಚುವುದರಲ್ಲಿ. ಮುಸ್ಲಿಮ್ ವಿದ್ವತ್ ಪರಂಪರೆಗೆ ಇದರ ಮದ್ದು ಮೊದಲೇ ಗೊತ್ತಿತ್ತು. ಪ್ರತಿ ಹದೀಸಿನ ಹಿಂದೆ ‘ಇದನ್ನು ಯಾರು ಯಾರಿಂದ ಕೇಳಿದರು’ ಎಂಬ ಸನದಿನ ಸರಪಳಿ ಇರಬೇಕೆಂದು ಅದು ಹಟ ಹಿಡಿಯಿತು. ಯಹೂದಿ-ಕ್ರೈಸ್ತ ಮೂಲಗಳಿಂದ ಬಂದ ಕತೆಗಳಿಗೆ ‘ಇಸ್ರಾಈಲಿಯ್ಯಾತ್’ ಎಂದು ಹೆಸರಿಟ್ಟು ಬೇರೆಯೇ ಗುರುತಿಸಿತು. 14ನೇ ಶತಮಾನದ ಇಬ್ನ್ ಕಸೀರ್ ಅವುಗಳ ಬಗ್ಗೆ ಎಚ್ಚರಿಸಿದರು. ಕತೆ ಕೇಳಬೇಡಿ ಎಂಬುದು ಈ ಶಿಸ್ತಿನ ಉದ್ದೇಶವಲ್ಲ, ಯಾರ ಮಾತೆಂದು ತಿಳಿದು ಕೇಳಿ ಎಂಬುದೇ ಅದರ ಉದ್ದೇಶ.

ಅದನ್ನೇ ಧಾರಾವಾಹಿಯವರಿಂದಲೂ ಕೇಳಬಹುದು. ಈ ಕಂತಿನಲ್ಲಿ ಗ್ರಂಥದ್ದು ಇಷ್ಟು, ಪರಂಪರೆಯದು ಇಷ್ಟು, ನಮ್ಮ ಕಲ್ಪನೆ ಇಷ್ಟು ಎಂದು ಕೊನೆಯಲ್ಲಿ ಎರಡು ಸಾಲು ತೋರಿಸಲು ಅವರಿಗೆ ಹೆಚ್ಚು ಖರ್ಚಾಗದು. ಅವರು ತೋರಿಸದಿದ್ದರೆ ಆ ಕೆಲಸ ಮನೆಯವರದು. 111 ಸೂಕ್ತಗಳ ಕನ್ನಡ ಅನುವಾದ ಓದಲು ಒಂದು ಕಂತು ನೋಡುವಷ್ಟು ಹೊತ್ತೂ ಬೇಡ. ಜೊತೆಗೆ ಆದಿಕಾಂಡದ ಆ ಅಧ್ಯಾಯಗಳನ್ನೂ ಓದಿದರೆ ನೆರೆಮನೆಯ ಕ್ರೈಸ್ತರು ಯೋಸೇಫನನ್ನು ಹೇಗೆ ನೆನೆಯುತ್ತಾರೆಂಬುದೂ ತಿಳಿಯುತ್ತದೆ. ಟಿವಿಯ ಮುಂದೆ ಕೂತ ಮಗು ‘ಇದು ಕುರ್‌ಆನಿನಲ್ಲಿ ಇದೆಯಾ?’ ಎಂದು ಕೇಳಿದಾಗ ಹೌದು ಅಥವಾ ಇಲ್ಲ ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು.